ಬೆಳಗಾವಿಗೆ ಹೊಸಬರೇ? ಟಿವಿ ಕೊಳ್ಳುವ ಮುಂಚೆ ಗೋಡೆ ಅಳೆಯಿರಿ

ಟಿವಿ ಅಂಗಡಿಗೆ ಹೊರಡುವ ಮುಂಚೆ ಮನೆಯಲ್ಲಿ ಒಂದು ಅಳತೆ ಟೇಪು ಹುಡುಕಿ. ಇನ್ನೂ ಬಿಚ್ಚದ ಡಬ್ಬಗಳ ನಡುವೆ ಅದು ಸಿಗುವುದಿಲ್ಲ, ಗೊತ್ತು. ಪಕ್ಕದ ಮನೆಯಲ್ಲಿ ಕೇಳಿ. ಟೇಪಿನ ಜೊತೆ ಚಹಾ ಕೂಡ ಸಿಗುತ್ತದೆ. (ಹಳೆ ಮೈಸೂರು ಕಡೆಯವರು ಕಾಫಿಗೆ ಕಾಯಬೇಡಿ.)

ಟಿವಿ ಇಡುವ ಗೋಡೆಯಿಂದ ನೀವು ಕೂರುವ ಜಾಗಕ್ಕೆ ಎಷ್ಟು ಅಡಿ ಅಂತ ಅಳೆಯಿರಿ. ಅದನ್ನು ಇಂಚಿಗೆ ತಿರುಗಿಸಿ, ಅರ್ಧ ಮಾಡಿ. ಏಳು ಅಡಿ ಅಂದರೆ 84 ಇಂಚು, ಅರ್ಧ 42. ನಿಮಗೆ 43 ಇಂಚಿನ ಟಿವಿ ಸರಿ. ಎಂಟು ಅಡಿಗೆ 50, ಒಂಬತ್ತು ಅಡಿಗೆ 55. ಇದು ಅಂದಾಜು ಲೆಕ್ಕ, ಒಂದಿಷ್ಟು ಆಚೀಚೆ ಆದರೆ ಏನೂ ಆಗುವುದಿಲ್ಲ. ಆದರೆ ಏಳು ಅಡಿ ಹಾಲ್‌ಗೆ 65 ಇಂಚಿನ ಟಿವಿ ತಂದು ಕತ್ತು ಆಡಿಸುತ್ತಾ ಕ್ರಿಕೆಟ್ ನೋಡುವವರನ್ನು ನಾವು ಕಂಡಿದ್ದೇವೆ.

ನಮ್ಮ ಸಂಘಕ್ಕೆ ಬರುವ ಹೊಸ ಕುಟುಂಬಗಳಲ್ಲಿ ಹೆಚ್ಚಿನವರು ವರ್ಗವಾಗಿ ಬಂದವರು. ಬ್ಯಾಂಕು, ಕಾಲೇಜು, ಸರ್ಕಾರಿ ಕಚೇರಿ, ಆಸ್ಪತ್ರೆ. ಮೂರು ನಾಲ್ಕು ವರ್ಷಕ್ಕೆ ಮತ್ತೆ ಗಂಟುಮೂಟೆ. ಹಾಗಾಗಿ ನೀವು ಕೊಳ್ಳುವ ಟಿವಿ ಈ ಬಾಡಿಗೆ ಮನೆಗೂ ಹೊಂದಬೇಕು, ಮುಂದಿನದಕ್ಕೂ ಹೊಂದಬೇಕು. ಅಂಗಡಿಯಲ್ಲಿ ಯಾವುದು ಹೆಚ್ಚು ಮಿಂಚುತ್ತದೆ ಅನ್ನುವುದು ಆಮೇಲಿನ ಮಾತು.

ಈ ಊರಿನ ಗೋಡೆ

ಟಿವಿಯ ಇಂಚು ಅಂದರೆ ಮೂಲೆಯಿಂದ ಎದುರು ಮೂಲೆಗೆ. ಅಗಲ ಬೇರೆ. 43 ಇಂಚಿನ ಟಿವಿ ಸುಮಾರು ಮೂರೂಕಾಲು ಅಡಿ ಅಗಲ ಇರುತ್ತದೆ, 55 ಇಂಚಿನದು ನಾಲ್ಕು ಅಡಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಶಹಾಪುರ, ವಡಗಾವಿ, ತಿಲಕವಾಡಿ ಕಡೆ ಹಳೆ ಬಾಡಿಗೆ ಮನೆ ಹಿಡಿದರೆ ಹಾಲ್‌ನಲ್ಲಿ ಗೋಡೆಗೇ ಕಟ್ಟಿದ ಶೋಕೇಸ್ ಇರಬಹುದು. ನಡುವೆ ಒಂದು ದೊಡ್ಡ ಗೂಡು. ಅದು ಹಳೆ ಡಬ್ಬಾ ಟಿವಿಗೆ ಮಾಡಿದ್ದು. ಅದರಲ್ಲಿ 32 ಇಂಚು ಕೂರಬಹುದು, 43 ಕೂರುವುದಿಲ್ಲ. ಮನೆ ಮಾಲೀಕರು ಶೋಕೇಸ್ ಒಡೆಯಲು ಬಿಡುವುದಿಲ್ಲ. ಗೋಡೆಗೆ ತೂತು ಕೊರೆಯುವುದಕ್ಕೂ ಮೊದಲೇ ಕೇಳಿಬಿಡಿ. "ನಾಕ ತೂತ ಹೊಡೀತೇವ್ರಿ, ಬಿಡೂ ಮುಂದ ಮುಚ್ಚಿಸಿ ಕೊಡ್ತೇವಿ" ಅಂದರೆ ಬಹಳಷ್ಟು ಮಾಲೀಕರು ಒಪ್ಪುತ್ತಾರೆ. ಒಪ್ಪದಿದ್ದರೆ ಟಿವಿಯ ಜೊತೆ ಬರುವ ಕಾಲು ಹಾಕಿ ಮೇಜಿನ ಮೇಲೆ ಇಡಿ. ಆ ಎರಡು ಕಾಲಿನ ನಡುವಿನ ದೂರವನ್ನೂ ಅಂಗಡಿಯಲ್ಲೇ ಅಳೆಯಿರಿ. ಟಿವಿ ದೊಡ್ಡದು, ಮೇಜು ಸಣ್ಣದು ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಇನ್ನೊಂದು, ಮಳೆ. ವಿಜಯಪುರ, ಬಾಗಲಕೋಟೆಯಿಂದ ಬಂದವರು ಇದನ್ನು ಗಮನಿಸಿ. ಉತ್ತರ ಕರ್ನಾಟಕ ಅಂದರೆ ಒಣ ಸೀಮೆ ಅಂದುಕೊಂಡು ಬರುತ್ತೀರಿ. ಬೆಳಗಾವಿ ಘಟ್ಟದ ಮಗ್ಗುಲಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದ ಹೊರಗೋಡೆಗಳು ನೀರು ಕುಡಿಯುತ್ತವೆ. ಬಣ್ಣ ಉಬ್ಬಿದ, ಕಲೆ ಬಿದ್ದ ಗೋಡೆ ಕಂಡರೆ ಅಲ್ಲಿ ಟಿವಿ ತೂಗುಹಾಕಬೇಡಿ. ಒಳಗಿನ ಗೋಡೆ ಆರಿಸಿ. ಕಿಟಕಿಯ ಎದುರು ಗೋಡೆಯೂ ಬೇಡ, ಹಗಲು ಹೊತ್ತು ಪರದೆಯಲ್ಲಿ ನಿಮ್ಮ ಮುಖವೇ ಕಾಣುತ್ತದೆ. ಕಿಟಕಿ ಪಕ್ಕಕ್ಕೆ ಬರುವ ಗೋಡೆ ಒಳ್ಳೆಯದು.

ಎತ್ತರದ ವಿಷಯದಲ್ಲಿ ಎಲ್ಲರೂ ತಪ್ಪು ಮಾಡುತ್ತಾರೆ. ಜೋಡಿಸಲು ಬಂದ ಹುಡುಗ ತಾನು ನಿಂತ ಎತ್ತರಕ್ಕೆ ಮೊಳೆ ಹೊಡೆದು ಹೋಗುತ್ತಾನೆ. ನೀವು ನೋಡುವುದು ಕೂತು. ಮನೆಯಲ್ಲಿ ಹಿರಿಯರು ಚಾಪೆಯ ಮೇಲೆ ಕೂತು ನೋಡುವವರಾದರೆ ಇನ್ನೂ ಕೆಳಗೆ ಬೇಕು. ಅವನು ಬಂದಾಗ ನೀವು ನಿಮ್ಮ ಜಾಗದಲ್ಲಿ ಕೂತು, ಕಣ್ಣಿನ ನೇರಕ್ಕೆ ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಿಸಿ. ಪರದೆಯ ನಡುಭಾಗ ಅಲ್ಲಿಗೆ ಬರಲಿ.

ವೈರಿನಲ್ಲಿ ಏನು ಬರುತ್ತದೆ?

ಹೆಚ್ಚಿನವರು ಕೇಳಿಕೊಳ್ಳದ ಪ್ರಶ್ನೆ ಇದು. ಎಚ್‌ಡಿ ಟಿವಿಯಲ್ಲಿ 1366 ಅಡ್ಡ ಚುಕ್ಕಿ, 768 ಉದ್ದ ಚುಕ್ಕಿ ಇರುತ್ತವೆ. ಫುಲ್ ಎಚ್‌ಡಿಯಲ್ಲಿ 1920 ಮತ್ತು 1080. 4ಕೆಯಲ್ಲಿ 3840 ಮತ್ತು 2160. ಚುಕ್ಕಿ ಜಾಸ್ತಿ ಇದ್ದಷ್ಟೂ ಚಿತ್ರ ಚೂಪು, ಸರಿ. ಆದರೆ ಸಾದಾ ಕೇಬಲ್ ಚಾನೆಲ್ ಬರುವುದೇ 720 ಮತ್ತು 576 ಚುಕ್ಕಿಯಲ್ಲಿ. ಅಷ್ಟನ್ನು 55 ಇಂಚಿನ 4ಕೆ ಪರದೆಗೆ ಎಳೆದು ಹಾಸಿದರೆ ತೆಳು ರೊಟ್ಟಿ ಇನ್ನಷ್ಟು ತಟ್ಟಿದ ಹಾಗೆ, ನಡುವೆ ಹರಿಯುತ್ತದೆ. ಸಂಜೆ ಏಳರಿಂದ ಹತ್ತರವರೆಗೆ ಅತ್ತೆಯವರು ಕೇಬಲ್‌ನಲ್ಲಿ ಧಾರಾವಾಹಿ ನೋಡುವುದೇ ಟಿವಿಯ ಮುಖ್ಯ ಕೆಲಸ ಆಗಿದ್ದರೆ, 43 ಇಂಚಿನ ಫುಲ್ ಎಚ್‌ಡಿ ಸಾಕೋ ಸಾಕು. ಮಕ್ಕಳು ಬ್ರಾಡ್‌ಬ್ಯಾಂಡ್‌ನಲ್ಲಿ ಸಿನಿಮಾ, ಮ್ಯಾಚ್ ನೋಡುವ ಮನೆಯಾದರೆ 4ಕೆ ಹಾಕಿ. ನೆಟ್‌ಫ್ಲಿಕ್ಸ್ 4ಕೆಗೆ 15 ಎಂಬಿಪಿಎಸ್ ವೇಗ ಕೇಳುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನೋಡುತ್ತೇವೆ ಅಂದರೆ 4ಕೆಯಲ್ಲಿ ಗಂಟೆಗೆ 7 ಜಿಬಿವರೆಗೂ ಖಾಲಿ. ಎರಡು ಸಿನಿಮಾಕ್ಕೆ ತಿಂಗಳ ಡೇಟಾ ಮುಗಿಯುತ್ತದೆ.

ಕೇಬಲ್ ಹಾಕಿಸುವಾಗ ಕನ್ನಡ ಚಾನೆಲ್‌ಗಳ ಪಟ್ಟಿಯನ್ನು ಮೊದಲೇ ಕೇಳಿ. ಇದು ಎರಡು ಭಾಷೆಯ ಊರು. ನನಗೆ ಮೊದಲ ತಿಂಗಳು ಸಿಕ್ಕ ರೆಡಿ ಪ್ಯಾಕ್‌ನಲ್ಲಿ ಮರಾಠಿ ಚಾನೆಲ್ ಸಾಲುಸಾಲು, ಕನ್ನಡದ್ದು ಬೆರಳೆಣಿಕೆ. ಜಗಳ ಬೇಕಿರಲಿಲ್ಲ. "ಕನ್ನಡ ಪ್ಯಾಕ್ ಹಾಕ್ರಿ" ಅಂದೆ, ಮರುದಿನ ಬಂತು. ಮಗಳು ಈಗ ಎರಡೂ ಭಾಷೆಯ ಕಾರ್ಟೂನ್ ನೋಡುತ್ತಾಳೆ, ಅದು ಬೇರೆ ಕತೆ. ಹಳೆ ಊರಿನಲ್ಲಿ ಡಿಟಿಎಚ್ ಇದ್ದರೆ ಹೊಸದು ತೆಗೆದುಕೊಳ್ಳಬೇಡಿ, ವಿಳಾಸ ಬದಲಿಸಿ ಅದನ್ನೇ ಇಲ್ಲಿ ಹಾಕಿಸಬಹುದು. ಆದರೆ ಬೆಳಗಾವಿಯಿಂದ ಡಿಟಿಎಚ್‌ನ ಡಿಶ್ ತಟ್ಟೆಗಳೆಲ್ಲ ಆಗ್ನೇಯದ ಆಕಾಶ ನೋಡಬೇಕು. ನಿಮ್ಮ ಫ್ಲ್ಯಾಟಿನ ಬಾಲ್ಕನಿ ವಾಯವ್ಯಕ್ಕಿದ್ದರೆ ತಾರಸಿಯಲ್ಲಿ ಜಾಗ ಕೇಳಬೇಕಾಗುತ್ತದೆ. ಜುಲೈನ ಜೋರು ಮಳೆಯಲ್ಲಿ ಸಿಗ್ನಲ್ ಹೋಗುತ್ತದೆ. ಟಿವಿ ಕೆಟ್ಟಿತು ಅಂತ ಗಾಬರಿಯಾಗಬೇಡಿ, ಮಳೆ ನಿಂತ ಮೇಲೆ ಬರುತ್ತದೆ. ತಿಂಗಳ ಖರ್ಚೇ ಬೇಡ ಅನ್ನುವವರಿಗೆ ಡಿಡಿ ಫ್ರೀ ಡಿಶ್ ಇದೆ. ಚಂದನ ಅದರಲ್ಲಿ ಬರುತ್ತದೆ.

ಅಂಗಡಿಯಲ್ಲಿ

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳೋಣ. ಎಲ್‌ಇಡಿ ಟಿವಿ ಅಂದರೆ ಎಲ್‌ಸಿಡಿ ಪರದೆ, ಹಿಂದೆ ಎಲ್‌ಇಡಿ ದೀಪ. ಕ್ಯೂಎಲ್‌ಇಡಿ ಅಂದರೂ ಅದೇ, ನಡುವೆ ಬಣ್ಣ ಚೊಕ್ಕ ಮಾಡುವ ಒಂದು ಪದರ ಜಾಸ್ತಿ. ಓಎಲ್‌ಇಡಿ ಮಾತ್ರ ಬೇರೆ ಜಾತಿ. ಅದರಲ್ಲಿ ಹಿಂದಿನ ದೀಪವೇ ಇಲ್ಲ, ಒಂದೊಂದು ಚುಕ್ಕಿಯೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಅದಕ್ಕೇ ಕಪ್ಪು ನಿಜವಾದ ಕಪ್ಪಾಗಿ ಕಾಣುತ್ತದೆ. ಕ್ಯೂ ಮತ್ತು ಓ ನೋಡಲು ಒಂದೇ ಥರ ಇರುವುದರಿಂದ ಎಷ್ಟೋ ಜನ ಮೋಸ ಹೋಗಿದ್ದಾರೆ. ಓಎಲ್‌ಇಡಿ ಚೆಂದ, ದುಬಾರಿ. ಆದರೆ ಬೆಳಗಿನಿಂದ ರಾತ್ರಿವರೆಗೆ ಒಂದೇ ನ್ಯೂಸ್ ಚಾನೆಲ್ ಹಾಕಿಡುವ ಮನೆಗೆ ನಾನು ಅದನ್ನು ಹೇಳುವುದಿಲ್ಲ. ಚಾನೆಲ್‌ನ ಲಾಂಛನ, ಕೆಳಗೆ ನಿಂತಿರುವ ಪಟ್ಟಿ ಕ್ರಮೇಣ ಪರದೆಯಲ್ಲಿ ಅಚ್ಚೊತ್ತಿ ಉಳಿಯಬಹುದು.

ಎಲ್‌ಇಡಿಯಲ್ಲೂ ಪ್ಯಾನೆಲ್ ಎರಡು ಥರ. ವಿಎ ಪ್ಯಾನೆಲ್‌ನಲ್ಲಿ ಕಪ್ಪು ಗಾಢವಾಗಿರುತ್ತದೆ, ಎದುರಿಗೇ ಕೂರಬೇಕು. ಐಪಿಎಸ್‌ನಲ್ಲಿ ಪಕ್ಕದಿಂದ ನೋಡಿದರೂ ಬಣ್ಣ ಕೆಡುವುದಿಲ್ಲ, ಕತ್ತಲ ದೃಶ್ಯ ಸ್ವಲ್ಪ ಬೂದು. ಮ್ಯಾಚ್ ದಿನ ಅಕ್ಕಪಕ್ಕದವರೆಲ್ಲ ಬಂದು ಹಾಲ್ ತುಂಬ ಕೂರುವ ಮನೆಯಾದರೆ ಎರಡನೆಯದು. ಡಬ್ಬದ ಮೇಲೆ ಇದನ್ನು ಬರೆದಿರುವುದು ಅಪರೂಪ. ಅಂಗಡಿಯಲ್ಲಿ ಟಿವಿಯ ಪಕ್ಕಕ್ಕೆ ಹೋಗಿ ನಿಂತು ನೋಡಿ, ತಿಳಿಯುತ್ತದೆ.

ನಾನು ಇದನ್ನೆಲ್ಲ ಕಲಿತದ್ದು ಪಕ್ಕದ ಮನೆಯ ಕಾಕಾ ಅವರಿಂದ. ನಿವೃತ್ತ ಮೇಷ್ಟ್ರು. ಖಡೇಬಜಾರಿಗೆ ನನ್ನ ಜೊತೆ ಬರುವಾಗ ಜೇಬಿನಲ್ಲಿ ಪೆನ್‌ಡ್ರೈವ್ ಹಾಕಿಕೊಂಡು ಬಂದಿದ್ದರು. ಅಂಗಡಿಯ ಹುಡುಗ ಎಂದಿನಂತೆ ಗಿಳಿ, ಹೂವು, ಸಮುದ್ರದ ಡೆಮೊ ಹಾಕಿ ತೋರಿಸಿದ.

"ನೋಡ್ರಿ ಸರ್ರ, ಪಿಕ್ಚರ್ ಹೆಂಗ ಹೊಡೀತೈತಿ!"

"ಹೊಡೀತೈತಿ ಖರೆ. ಆ ಗಿಳಿ ತಗಿ, ಇದನ್ನ ಹಾಕು," ಅಂದರು ಕಾಕಾ.

ಪೆನ್‌ಡ್ರೈವ್‌ನಲ್ಲಿ ಇದ್ದದ್ದು ಅವರ ಮಗಳ ಮದುವೆ. ರಾತ್ರಿಯ ಆರತಕ್ಷತೆ, ಅರ್ಧ ಬೆಳಕು, ಕಪ್ಪು ಕೋಟು, ರೇಷ್ಮೆ ಸೀರೆ. ಮೊದಲ ಟಿವಿಯಲ್ಲಿ ಕೋಟುಗಳೆಲ್ಲ ಕತ್ತಲಲ್ಲಿ ಕರಗಿ ಬರೀ ತಲೆಗಳು ತೇಲುತ್ತಿದ್ದವು. ಎರಡನೆಯದರಲ್ಲಿ ಕಾಕಾ ತಮ್ಮ ಹೆಂಡತಿಯನ್ನು ನೋಡಿ ನಕ್ಕರು. "ಏನಪಾ, ನಮ್ಮ ಮನ್ಯಾಕಿ ಟೊಮೆಟೊ ಹಣ್ಣ ಆಗ್ಯಾಳಲ್ಲೊ!" ಹುಡುಗನೂ ನಕ್ಕ. ಸೆಟ್ಟಿಂಗ್‌ಗೆ ಹೋಗಿ 'ವಿವಿಡ್' ತೆಗೆದು 'ಸಿನಿಮಾ' ಹಾಕಿದ. ಮುಖಗಳು ಮುಖಗಳಾದವು. ಅಂಗಡಿಯಲ್ಲಿ ಎಲ್ಲ ಟಿವಿಗಳೂ ಡೆಮೊ ಮೋಡ್‌ನಲ್ಲಿ, ಬೆಳಕು ತುದಿಗೆ ಏರಿಸಿ ಇಟ್ಟಿರುತ್ತವೆ. ಟ್ಯೂಬ್‌ಲೈಟ್‌ಗಳ ನಡುವೆ ಎದ್ದು ಕಾಣಲಿ ಅಂತ. ನಿಮ್ಮ ಹಾಲ್‌ನಲ್ಲಿ ಅಷ್ಟು ಬೆಳಕಿಲ್ಲ, ಅಲ್ವಾ? ನಿಮಗೆ ಚೆನ್ನಾಗಿ ಗೊತ್ತಿರುವ ಮುಖಗಳ ವಿಡಿಯೊ ಒಯ್ದು ನೋಡಿ. ಒಂದೇ ವಿಡಿಯೊ, ಎಲ್ಲ ಟಿವಿಯಲ್ಲೂ.

ಅಂಗಡಿಯಲ್ಲಿ ಭಾಷೆಯ ಅಳುಕು ಬೇಡ. ಖಡೇಬಜಾರ್, ಗಣಪತ್ ಗಲ್ಲಿಯ ವ್ಯಾಪಾರಿಗಳಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ನೀರು ಕುಡಿದ ಹಾಗೆ. ನೀವು ಕನ್ನಡದಲ್ಲೇ ಶುರು ಮಾಡಿ.

ಶಬ್ದವನ್ನೂ ಕೇಳಿ ನೋಡಿ. ಟಿವಿ ತೆಳುವಾದಷ್ಟೂ ಸ್ಪೀಕರ್ ಸಣ್ಣದಾಗಿ ಕೆಳಕ್ಕೋ ಹಿಂದಕ್ಕೋ ತಿರುಗಿದೆ. ಮಾತು ಕೇಳಿಸುವುದಿಲ್ಲ ಅಂತ ಹಿರಿಯರು ದೂರಿದರೆ ಅದು ಅವರ ಕಿವಿಯ ತಪ್ಪೇ ಇರಬೇಕಾಗಿಲ್ಲ. ಮುಂದೆ ಸೌಂಡ್‌ಬಾರ್ ಹಾಕುವ ಯೋಚನೆ ಇದ್ದರೆ ಎಚ್‌ಡಿಎಂಐ ಎಆರ್‌ಸಿ ಅಂತ ಬರೆದ ಪೋರ್ಟ್ ಇದೆಯಾ ನೋಡಿ. ಸ್ಮಾರ್ಟ್ ಟಿವಿಗೆ 2 ಜಿಬಿ ರ‍್ಯಾಮ್ ಇರಲಿ. ಅದಕ್ಕಿಂತ ಕಡಿಮೆ ಇದ್ದರೆ ರಿಮೋಟ್ ಒತ್ತಿ ಚಹಾ ಕುಡಿದು ಬರಬೇಕು. ಹೆಸರೇ ಕೇಳದ ಕಂಪನಿಯ ಅಗ್ಗದ ಟಿವಿಯಾದರೆ ನಿಮಗೆ ಬೇಕಾದ ಆ್ಯಪ್‌ಗಳನ್ನು ಅಲ್ಲೇ ತೆರೆಸಿ ನೋಡಿ.

ದುಡ್ಡು, ಕರೆಂಟು, ಡಬ್ಬ

2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಮೂಲ ಬೆಲೆ 30,000 ಇರುವ ಟಿವಿಗೆ ಮೂರು ಸಾವಿರ ಕಡಿಮೆ. ತೆರಿಗೆ ಉಳಿಸಲು 32ಕ್ಕೇ ನಿಲ್ಲುವ ಕಾರಣ ಈಗಿಲ್ಲ. 'ಬಡ್ಡಿ ಇಲ್ಲದ ಕಂತು' ಅಂದರೆ, ನಗದು ಕೊಟ್ಟರೆ ಎಷ್ಟು ಅಂತ ತಕ್ಷಣ ಕೇಳಿ. ಎರಡರ ನಡುವಿನ ಅಂತರವೇ ಬಡ್ಡಿ, ಜೊತೆಗೆ ಪ್ರೊಸೆಸಿಂಗ್ ಶುಲ್ಕ ಬೇರೆ.

ಕರೆಂಟಿನ ಚಿಂತೆ ಸಣ್ಣದು. 100 ವಾಟ್‌ನ ಟಿವಿ ದಿನಕ್ಕೆ ಐದು ಗಂಟೆ ಓಡಿದರೆ ತಿಂಗಳಿಗೆ 15 ಯೂನಿಟ್. ಹಳೆ ಊರಿನಲ್ಲಿ ಗೃಹಜ್ಯೋತಿ ಇದ್ದವರು ಅಲ್ಲಿನ ಮನೆಯಿಂದ ಆಧಾರ್ ಡಿಲಿಂಕ್ ಮಾಡಿಸಿ, ಇಲ್ಲಿನ ಹೆಸ್ಕಾಂ ಮೀಟರ್‌ಗೆ ನೋಂದಾಯಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಸಿಡಿಲಿಗೆ ಮಾತ್ರ ಹೆದರಿ. ಗುಡುಗು ಶುರುವಾದರೆ ಪ್ಲಗ್ ಕೀಳಿ. ತಟ್ಟೆಯಿಂದ ಬರುವ ವೈರನ್ನೂ ಬಿಚ್ಚಿ, ಎಷ್ಟೋ ಟಿವಿಗಳು ಸುಡುವುದು ಆ ದಾರಿಯಿಂದಲೇ.

ಜಿಎಸ್‌ಟಿ ಬಿಲ್ಲಿನಲ್ಲಿ ಟಿವಿಯ ಸೀರಿಯಲ್ ನಂಬರ್ ಬರೆಸಿ. ಆನ್‌ಲೈನ್‌ನಲ್ಲಿ ತರಿಸಿದರೆ ಡಬ್ಬ ಬಿಚ್ಚಿ ಪರದೆ ನೋಡುವ ತನಕ ಒಟಿಪಿ ಹೇಳಬೇಡಿ. ತಕರಾರು ಬಂದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಟಿವಿಯನ್ನು ಬೆಂಗಳೂರಿನಲ್ಲಿ ಕೊಂಡಿದ್ದರೂ ನೀವು ಈಗ ಇರುವ ಊರಿನಲ್ಲೇ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ.

ಕೊನೆಗೆ ಡಬ್ಬ. ಥರ್ಮಾಕೋಲ್ ಸಮೇತ ಎತ್ತಿಡಿ. ನಾನು ಶಿವಮೊಗ್ಗದಿಂದ ಬರುವಾಗ ಡಬ್ಬ ಗುಜರಿಗೆ ಹೋಗಿ ಆಗಿತ್ತು. ಟಿವಿಯನ್ನು ಹಾಸಿಗೆಯ ಮೇಲೆ ಮಲಗಿಸಿ, ಮೇಲೆ ಇನ್ನೊಂದು ಹಾಸಿಗೆ ಹೊದಿಸಿ ಲಾರಿಗೆ ಹಾಕಿದೆ. ಎಷ್ಟು ಜೋಪಾನ ಅಂತ ನನಗೇ ಹೆಮ್ಮೆ. ತಿಲಕವಾಡಿಯಲ್ಲಿ ಇಳಿಸಿ ಹಚ್ಚಿದರೆ ಎಡ ಮೂಲೆಯಿಂದ ಜೇಡರ ಬಲೆ, ನಡುವೆ ಶಾಯಿ ಚೆಲ್ಲಿದ ಹಾಗೆ ಒಂದು ಕಪ್ಪು ಕಲೆ. ಟಿವಿಯನ್ನು ಯಾವತ್ತೂ ನಿಲ್ಲಿಸಿಯೇ ಸಾಗಿಸಬೇಕು. ಒಡೆದ ಪರದೆಗೆ ವಾರಂಟಿ ಇಲ್ಲ, ಹೊಸ ಪ್ಯಾನೆಲ್ ಹಾಕಿಸುವ ಖರ್ಚಿಗೆ ಇನ್ನೊಂದಿಷ್ಟು ಸೇರಿಸಿದರೆ ಹೊಸ ಟಿವಿಯೇ ಬರುತ್ತಿತ್ತು. ಕಾಕಾ ಜೊತೆ ಖಡೇಬಜಾರಿಗೆ ಹೋದದ್ದು ಅದಾದ ಮೇಲೆಯೇ.

ಬಾಡಿಗೆ ಮನೆಯಲ್ಲಿ ಡಬ್ಬ ಇಡಲು ಜಾಗ ಇಲ್ಲದಿದ್ದರೆ ಸಂಘಕ್ಕೆ ತಂದುಕೊಡಿ. ಸದ್ಯ ಅಟ್ಟದಲ್ಲಿ 43 ಇಂಚಿನ ಎರಡು, 55ರ ಒಂದು ಖಾಲಿ ಡಬ್ಬ ಇವೆ. ವರ್ಗವಾಗಿ ಹೊರಟವರು ಒಯ್ಯಬಹುದು.