ಬೋರ್ಶ್ ಮಾಡುವಾಗ ಹುಳಿ ಯಾವಾಗ ಹಾಕಬೇಕು: ನನ್ನ ಅನುಭವ

ಬೋರ್ಶ್ ಅಂದರೆ ಉಕ್ರೇನ್‌ನ ಹುಳಿ ಹಾಕಿದ ಬೀಟ್‌ರೂಟ್ ಸೂಪು. ಅದನ್ನು ಮಾಡೋದು ಹೇಗೆ ಅಂತ ಕೇಳಿದವರಿಗೆ ನಾನು ಮೊದಲು ಹೇಳೋದು ಹುಳಿಯ ವಿಷಯ. ಬೀಟ್‌ರೂಟ್, ಎಲೆಕೋಸು, ಆಲೂಗಡ್ಡೆ, ಕ್ಯಾರೆಟ್ ಎಲ್ಲ ನಮ್ಮ ಬೀದಿಗೆ ಬರುವ ತರಕಾರಿ ಗಾಡಿಯಲ್ಲೇ ಇವೆ. ಹುಳಿ ಎಲ್ಲಿಂದ ಬರಬೇಕು, ಪಾತ್ರೆಗೆ ಯಾವಾಗ ಬೀಳಬೇಕು, ಬಿದ್ದ ಮೇಲೆ ಎಷ್ಟು ಹೊತ್ತು ಕುದಿಯಬೇಕು, ಇಷ್ಟು ಗೊತ್ತಾದರೆ ಬಣ್ಣ ಉಳಿಯುತ್ತದೆ, ತರಕಾರಿ ಹದವಾಗಿ ಬೇಯುತ್ತದೆ, ರುಚಿ ತಾನಾಗಿಯೇ ಕೂಡುತ್ತದೆ.

ನಾನು ಕಲಿತದ್ದು ವಿನ್ನಿತ್ಸಿಯಾದಲ್ಲಿ. ಉಕ್ರೇನ್‌ನಲ್ಲಿ ದಕ್ಷಿಣ ಬೂಗ್ ನದಿಯ ದಡದಲ್ಲಿರುವ ಊರು ಅದು. ಮೆಡಿಕಲ್ ಓದೋಕೆ ಕರ್ನಾಟಕದಿಂದ ಹೋದ ನಮ್ಮಂಥವರು ಅಲ್ಲೂ ಇದ್ದೆವು, ಹಾರ್ಕಿವ್‌ನಲ್ಲೂ ಇದ್ದರು. ಮೊದಲು ಹಾಸ್ಟೆಲ್, ಆಮೇಲೆ ಒಬ್ಬರು ಅಜ್ಜಿಯ ಫ್ಲ್ಯಾಟಿನಲ್ಲಿ ಒಂದು ರೂಮು. ಅಲ್ಲಿ ಅಜ್ಜಿಯನ್ನು ಬಾಬುಸ್ಯಾ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಅಡುಗೆಮನೆ ಇಬ್ಬರು ನಿಂತರೆ ತುಂಬಿಹೋಗುವಷ್ಟು ಚಿಕ್ಕದು. ಒಲೆಯ ಮೇಲೆ ಐದು ಲೀಟರಿನ ಎನಾಮೆಲ್ ಪಾತ್ರೆ. ಚಳಿಗಾಲದಲ್ಲಿ ಆ ಪಾತ್ರೆಗೆ ಫ್ರಿಜ್ ಬೇಕಿರಲಿಲ್ಲ, ಮುಚ್ಚಳ ಹಾಕಿ ಬಾಲ್ಕನಿಯಲ್ಲಿಟ್ಟರೆ ಮುಗಿಯಿತು. ಮೂರು ದಿನ ಅದೇ ಬೋರ್ಶ್, ಎರಡನೇ ದಿನದ್ದು ಮೊದಲ ದಿನದ್ದಕ್ಕಿಂತ ಚೆನ್ನಾಗಿರುತ್ತಿತ್ತು.

ಈಗ ಮೈಸೂರಿನಲ್ಲಿ ನಾನು ಮಾಡುವ ರೀತಿ ಹೇಳುತ್ತೇನೆ. ನಾಲ್ಕೈದು ಜನಕ್ಕೆ ಸಾಕಾಗುವಷ್ಟು.

ಬೀಟ್‌ರೂಟ್ ಎರಡು, ಒಟ್ಟು 350 ಗ್ರಾಂ ಆಸುಪಾಸು. ತೀರಾ ದೊಡ್ಡದು ಬೇಡ, ಒಳಗೆ ನಾರು ಜಾಸ್ತಿ ಇರುತ್ತದೆ. ಗಟ್ಟಿಯಾಗಿರಬೇಕು, ಎಲೆ ಇನ್ನೂ ಅಂಟಿಕೊಂಡಿದ್ದರೆ ಇನ್ನೂ ಒಳ್ಳೆಯದು. ಅಲ್ಲಿ ಬೋರ್ಶ್‌ಗೆಂದೇ ಬೆಳೆಯುವ ಒಂದು ಬೀಟ್‌ರೂಟ್ ಇದೆ, ಕತ್ತರಿಸಿದರೆ ಒಳಗೆ ತಿಳಿ ಬಣ್ಣದ ಬಳೆಗಳು ಕಾಣುತ್ತವೆ, ತುಂಬಾ ಸಿಹಿ. ಅದರಿಂದ ಮಾಡಿದ ಬೋರ್ಶ್ ಕಿತ್ತಳೆಗೆ ಹತ್ತಿರವಾದ ಕೆಂಪು. ಹಾಗಾಗಿ ಫೋಟೋಗಳಲ್ಲಿ ಕಾಣುವ ಕಡು ನೇರಳೆ ಬಣ್ಣ ಬರಲಿಲ್ಲ ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಕಿಲ್ಲ. ಅಲ್ಲಿಯ ಎಷ್ಟೋ ಮನೆಗಳಲ್ಲಿ ಅದು ಕಿತ್ತಳೆಗೆಂಪೇ.

ಮೊದಲು ಸಾರ, ಅಂದರೆ ಮಾಂಸ ಬೇಯಿಸಿದ ನೀರು. ಬಾಬುಸ್ಯಾ ಹಂದಿಯ ಪಕ್ಕೆಲುಬು ಅಥವಾ ಮೂಳೆ ಇರುವ ದನದ ಮಾಂಸ ಹಾಕುತ್ತಿದ್ದರು. ನಾನು ಇಲ್ಲಿ ಕುರಿಯ ಎದೆಯ ಭಾಗ ತರುತ್ತೇನೆ, 600 ಗ್ರಾಂ, ಮೂಳೆ ಸಮೇತ. ಕೀವ್ ಕಡೆಯ ಹಳೆಯ ಬೋರ್ಶ್‌ನಲ್ಲಿ ಕುರಿ ಮಾಂಸವೂ ಬೀಳುತ್ತದೆ, ಬನ್ನೂರು ಕುರಿಯ ಕೊಬ್ಬು ಇದಕ್ಕೆ ಹೇಳಿ ಮಾಡಿಸಿದ್ದು. ಎರಡೂವರೆ ಲೀಟರ್ ತಣ್ಣೀರಿಗೆ ಮಾಂಸ ಹಾಕಿ ಒಲೆ ಹಚ್ಚಿ. ಕುದಿ ಬರುವಾಗ ಮೇಲೆ ಬೂದು ಬಣ್ಣದ ನೊರೆ ಬರುತ್ತದೆ, ಅದನ್ನು ಚಮಚದಿಂದ ತೆಗೆದು ಚೆಲ್ಲುತ್ತಾ ಇರಬೇಕು. ಆಮೇಲೆ ಉರಿ ಪೂರ್ತಿ ಸಣ್ಣ ಮಾಡಿ ಒಂದೂವರೆ ಗಂಟೆ ಬಿಡಿ. ಒಂದು ಇಡೀ ಈರುಳ್ಳಿ, ಹತ್ತು ಕಾಳುಮೆಣಸು, ಉಪ್ಪು ಇದಕ್ಕೇ. ಕುಕ್ಕರ್‌ನಲ್ಲಿ ಬೇಗ ಆಗುತ್ತದೆ ನಿಜ, ಆದರೆ ಸಾರ ಕದಡಿದಂತಾಗುತ್ತದೆ. ಸಮಯ ಇದ್ದರೆ ಪಾತ್ರೆಯಲ್ಲೇ ಮಾಡಿ.

ಅವರು ಹಾಕುವ ಬೇ ಲೀಫ್ ಬೇರೆ, ನಾವು ಪಲಾವ್‌ಗೆ ಹಾಕುವ ಎಲೆ ಬೇರೆ. ನಮ್ಮದರಲ್ಲಿ ಚಕ್ಕೆಯ ವಾಸನೆ ಇದೆ. ಅದನ್ನು ಹಾಕಿದರೆ ಬೋರ್ಶ್ ಬೇರೆಯೇ ದಾರಿ ಹಿಡಿಯುತ್ತದೆ. ಅಲ್ಲಿಯ ಎಲೆ ಸಿಗದಿದ್ದರೆ ಸುಮ್ನೆ ಬಿಟ್ಟುಬಿಡಿ.

ಸಾರ ಆಗುವ ಹೊತ್ತಿಗೆ ತರಕಾರಿ ಹೆಚ್ಚಿಟ್ಟುಕೊಳ್ಳಿ. ಬೀಟ್‌ರೂಟನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಉದ್ದುದ್ದ ಹೆಚ್ಚಬೇಕು. ತುರಿಯೋದು ಸುಲಭ, ಅಲ್ಲೂ ಬಹಳ ಜನ ತುರಿಯುತ್ತಾರೆ, ಆದರೆ ಬಾಬುಸ್ಯಾ ತುರಿಮಣೆ ಮುಟ್ಟುತ್ತಿರಲಿಲ್ಲ. ತುರಿದದ್ದು ಸಾರದಲ್ಲಿ ಕರಗಿ ಮಾಯವಾಗುತ್ತದೆ, ಹೆಚ್ಚಿದ್ದು ಬಾಯಿಗೆ ಸಿಗುತ್ತದೆ ಅನ್ನೋದು ಅವರ ವಾದ. ನನಗೂ ಅದೇ ಸರಿ ಅನ್ನಿಸುತ್ತದೆ.

ಈಗ ಹುಳಿಯ ವಿಷಯಕ್ಕೆ ಬರೋಣ. ಬೀಟ್‌ರೂಟಿನ ಕೆಂಪು ಬಣ್ಣ ಬೆಟಾನಿನ್ ಅನ್ನುವ ವಸ್ತುವಿನದ್ದು. ಅದಕ್ಕೆ ಶಾಖ ಆಗಿಬರೋದಿಲ್ಲ, ಜಾಸ್ತಿ ಕುದಿಸಿದರೆ ಕಂದುಬಣ್ಣಕ್ಕೆ ತಿರುಗುತ್ತದೆ. ಸ್ವಲ್ಪ ಹುಳಿ ಇದ್ದರೆ ಅದು ತಾಳಿಕೊಳ್ಳುತ್ತದೆ. ಹಾಗಾಗಿ ಬೀಟ್‌ರೂಟಿಗೆ ಹುಳಿ ಮೊದಲೇ ಬೇಕು. ಆದರೆ ಆಲೂಗಡ್ಡೆಗೆ ಹುಳಿ ಮೊದಲೇ ತಾಗಿದರೆ ಅದು ಬೇಗ ಮೆತ್ತಗಾಗೋದಿಲ್ಲ, ಎಷ್ಟು ಕುದಿಸಿದರೂ ನಡುವೆ ಗಟ್ಟಿ ಉಳಿಯುತ್ತದೆ. ಹುಣಸೆರಸ ಬಿದ್ದ ಮೇಲೆ ತರಕಾರಿ ಬೇಯೋದಿಲ್ಲ, ಮೊದಲೇ ಬೇಯಿಸಿಕೋ ಅಂತ ನಮ್ಮ ಮನೆಗಳಲ್ಲಿ ಹುಳಿ ಮಾಡುವಾಗ ಹೇಳುತ್ತಾರಲ್ವಾ, ಇಲ್ಲೂ ಅದೇ ನಿಯಮ. ಒಂದಕ್ಕೆ ಹುಳಿ ಬೇಕು, ಇನ್ನೊಂದಕ್ಕೆ ಬೇಡ. ಅದಕ್ಕೇ ಬೀಟ್‌ರೂಟನ್ನು ಬೇರೆ ಬಾಣಲೆಯಲ್ಲಿ ಹುಳಿ ಹಾಕಿ ಬೇಯಿಸಿಕೊಂಡು, ಆಲೂಗಡ್ಡೆ ಪಾತ್ರೆಯಲ್ಲಿ ಬೆಂದ ಮೇಲೆ ಎರಡನ್ನೂ ಕೂಡಿಸೋದು. ಬೋರ್ಶ್‌ನ ಕೆಲಸದಲ್ಲಿ ಅರ್ಧ ಇಷ್ಟೇ.

ಬಾಣಲೆಯಲ್ಲಿ ಮೂರು ಚಮಚ ಸೂರ್ಯಕಾಂತಿ ಎಣ್ಣೆ. ಈ ಎಣ್ಣೆ ನಮಗೂ ಉಕ್ರೇನ್‌ಗೂ ಇರುವ ನೇರ ನಂಟು, ಯುದ್ಧಕ್ಕೆ ಮುಂಚೆ ಭಾರತಕ್ಕೆ ಹೊರಗಿನಿಂದ ಬರುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಅಲ್ಲಿಯದೇ. 2022ರಲ್ಲಿ ಇಲ್ಲಿ ಎಣ್ಣೆ ರೇಟು ಏರಿದ್ದು ನೆನಪಿರಬಹುದು. ಎಣ್ಣೆ ಕಾದ ಮೇಲೆ ಬೀಟ್‌ರೂಟ್ ಹಾಕಿ, ಕೂಡಲೇ ಒಂದು ದೊಡ್ಡ ಚಮಚ ವಿನೆಗರ್, ಒಂದು ಸಣ್ಣ ಚಮಚ ಸಕ್ಕರೆ. ಎರಡು ಸೌಟು ಸಾರ ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಎರಡು ದೊಡ್ಡ ಚಮಚ ಟೊಮೆಟೊ ಪೇಸ್ಟ್, ಅಥವಾ ಮೂರು ಹಣ್ಣು ಟೊಮೆಟೊ ಸಿಪ್ಪೆ ತೆಗೆದು ರುಬ್ಬಿದ್ದು. ಬಾಬುಸ್ಯಾ ಆಗಸ್ಟ್‌ನಲ್ಲಿ ಟೊಮೆಟೊ ರಸ ಕುದಿಸಿ ಗಾಜಿನ ಜಾಡಿಗಳಿಗೆ ತುಂಬಿಸಿ ಇಡೀ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಿದ್ದರು. ಬೇರೆ ಬಾಣಲೆಯಲ್ಲಿ ಒಂದು ಈರುಳ್ಳಿ, ಒಂದು ಕ್ಯಾರೆಟ್ ಎಣ್ಣೆಯಲ್ಲಿ ಹೊನ್ನಿನ ಬಣ್ಣ ಬರುವಷ್ಟು ಬಾಡಿಸಿಕೊಳ್ಳಿ.

ಮಾಂಸ ಬೆಂದ ಮೇಲೆ ತೆಗೆದು ಮೂಳೆ ಬಿಡಿಸಿ, ಸಾರ ಸೋಸಿ ಮತ್ತೆ ಒಲೆಗಿಡಿ. ಮೂರು ಆಲೂಗಡ್ಡೆ ಹೋಳು ಮಾಡಿ ಹಾಕಿ. ಹತ್ತು ನಿಮಿಷಕ್ಕೆ ಎಲೆಕೋಸು, ಕಾಲು ಕೆಜಿ, ಸಣ್ಣಗೆ ಹೆಚ್ಚಿದ್ದು. ಎಳೆಯ ಕೋಸಾದರೆ ಇನ್ನೂ ತಡವಾಗಿ ಹಾಕಬೇಕು, ಇಲ್ಲದಿದ್ದರೆ ಮುದ್ದೆಯಾಗುತ್ತದೆ. ಚಾಕು ಆಲೂಗಡ್ಡೆಯೊಳಗೆ ಸಲೀಸಾಗಿ ಇಳಿದ ಮೇಲೆ, ಅದಕ್ಕಿಂತ ಮುಂಚೆ ಖಂಡಿತ ಬೇಡ, ಬೀಟ್‌ರೂಟ್, ಬಾಡಿಸಿದ ಈರುಳ್ಳಿ ಕ್ಯಾರೆಟ್, ಮಾಂಸ ಎಲ್ಲ ಹಾಕಿ. ರಾಜ್ಮಾ ಇಷ್ಟವಿದ್ದರೆ ರಾತ್ರಿ ನೆನೆಸಿ ಬೆಳಿಗ್ಗೆ ಬೇರೆಯಾಗಿ ಚೆನ್ನಾಗಿ ಬೇಯಿಸಿದ ಒಂದು ಬಟ್ಟಲು ರಾಜ್ಮಾ ಈಗಲೇ. ಐದು ನಿಮಿಷ ಸಣ್ಣ ಉರಿ, ಮೇಲೆ ಸುಮ್ಮನೆ ಗುಳ್ಳೆ ಬರುವಷ್ಟು. ಗಳಗಳ ಕುದಿಸಬಾರದು.

ಇಲ್ಲಿ ರುಚಿ ನೋಡಿ. ಸಿಹಿ, ಹುಳಿ, ಉಪ್ಪು ಮೂರೂ ಒಟ್ಟಿಗೆ ನಾಲಿಗೆಗೆ ಬರಬೇಕು. ನಮ್ಮ ಬೀಟ್‌ರೂಟ್ ಕೆಲವೊಮ್ಮೆ ಸಪ್ಪೆ ಇರುತ್ತದೆ, ಆಗ ಚೂರು ಸಕ್ಕರೆ. ಹುಳಿ ಸಾಲದಿದ್ದರೆ ನಿಂಬೆರಸ. ಖಾರದ ಪುಡಿ ಹಾಕಬೇಡಿ ಅಂತ ಕೇಳಿಕೊಳ್ಳುತ್ತೇನೆ. ಖಾರ ಬೇಕೆನ್ನುವವರು ಪಕ್ಕದಲ್ಲಿ ಹಸಿ ಬೆಳ್ಳುಳ್ಳಿ ಇಟ್ಟುಕೊಂಡು ಕಚ್ಚುತ್ತಾ ಕುಡಿಯಲಿ, ಅಲ್ಲಿ ಹಾಗೇ ಮಾಡುತ್ತಾರೆ.

ಕೊನೆಯದು ಬೆಳ್ಳುಳ್ಳಿ ಮತ್ತು ಸಬ್ಬಸಿಗೆ. ಅಲ್ಲಿ ಉಪ್ಪು ಹಾಕಿ ಇಟ್ಟ ಹಂದಿ ಕೊಬ್ಬನ್ನು, ಸಾಲೋ ಅನ್ನುತ್ತಾರೆ, ಬೆಳ್ಳುಳ್ಳಿಯ ಜೊತೆ ಕುಟ್ಟಿ ಕೊನೆಗೆ ಹಾಕುತ್ತಾರೆ. ಅದು ಬಿದ್ದ ಕ್ಷಣಕ್ಕೆ ಇಡೀ ಮೆಟ್ಟಿಲವರೆಗೂ ಘಮ. ನಾನು ನಾಲ್ಕು ಎಸಳು ಬೆಳ್ಳುಳ್ಳಿ ಉಪ್ಪಿನ ಜೊತೆ ಕುಟ್ಟಿ ಹಾಕುತ್ತೇನೆ. ಸಬ್ಬಸಿಗೆ ಸೊಪ್ಪಿಗೆ ನಾವು ಪುಣ್ಯವಂತರು, ಅಕ್ಕಿ ರೊಟ್ಟಿಗೆ ತರುವ ಅದೇ ಕಟ್ಟು ಸಾಕು. ಉಕ್ರೇನ್‌ನಲ್ಲಿ ಅದಿಲ್ಲದ ಅಡುಗೆಯೇ ಕಡಿಮೆ. ಒಲೆ ಆರಿಸಿ ಎರಡನ್ನೂ ಹಾಕಿ ಮುಚ್ಚಿಡಿ. ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ.

ಬಟ್ಟಲಿಗೆ ಬಡಿಸಿದ ಮೇಲೆ ಮೇಲೊಂದು ಚಮಚ ಸ್ಮೆತಾನಾ, ಅಂದರೆ ಹುಳಿ ಬಂದ ಗಟ್ಟಿ ಕೆನೆ. ಇಲ್ಲಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ, ಅದಕ್ಕೆ ಹಾಲಿನ ಕೆನೆ ಕಲಸಿದರೆ ಹತ್ತಿರ ಬರುತ್ತದೆ. ಬರೀ ಮೊಸರು ಹಾಕಿದರೆ ಬಿಸಿಗೆ ಒಡೆಯುತ್ತದೆ. ಜೊತೆಗೆ ಪಂಪುಷ್ಕಿ, ಬೆಳ್ಳುಳ್ಳಿ ಎಣ್ಣೆ ಸವರಿದ ಮೆತ್ತನೆ ಬನ್ನು. ನಾನು ಬೇಕರಿಯ ಪಾವ್ ಬಿಸಿ ಮಾಡಿ, ಎಣ್ಣೆಯಲ್ಲಿ ಬೆಳ್ಳುಳ್ಳಿ ಸಬ್ಬಸಿಗೆ ಕಲಸಿ ಹಚ್ಚುತ್ತೇನೆ. ಬೋರ್ಶ್ ಎಷ್ಟು ಗಟ್ಟಿ ಇರಬೇಕು ಅಂದರೆ, ಚಮಚ ನೆಟ್ಟಗೆ ನಿಲ್ಲಬೇಕು ಅಂತ ಅಲ್ಲಿಯ ಮಾತು.

ವಿನೆಗರ್ ಈಚಿನ ಸುಲಭದ ದಾರಿ. ಹಳೆಯ ಕಾಲದ ಹುಳಿ ಅಂದರೆ ಬೀಟ್‌ರೂಟ್ ಕ್ವಾಸ್, ಉಪ್ಪುನೀರಿನಲ್ಲಿ ಬೀಟ್‌ರೂಟ್ ಇಟ್ಟು ಹುಳಿ ಬರಿಸಿದ ರಸ. ನನಗೆ ಇಷ್ಟವಾದದ್ದೂ ಅದೇ. ಬಹಳ ಹಿಂದೆ ಬೋರ್ಶ್‌ನಲ್ಲಿ ಬೀಟ್‌ರೂಟೇ ಇರಲಿಲ್ಲ, ಹಾಗ್‌ವೀಡ್ ಅನ್ನುವ ಕಾಡುಗಿಡದ ದಂಟು ಎಲೆಗಳನ್ನು ಹುಳಿ ಬರಿಸಿ ಬೇಯಿಸುತ್ತಿದ್ದರು. ಆಲೂಗಡ್ಡೆ, ಟೊಮೆಟೊ ಎರಡೂ ಅಮೆರಿಕ ಖಂಡದಿಂದ ಬಂದವು, ಪಾತ್ರೆಗೆ ಸೇರಿದ್ದು ಬಹಳ ತಡವಾಗಿ. ಹುಳಿ ಮಾತ್ರ ಮೊದಲಿನಿಂದಲೂ ಇದೆ.

ಕ್ವಾಸ್ ಮಾಡೋದು ಹೀಗೆ: ಒಂದು ಕೆಜಿ ಬೀಟ್‌ರೂಟ್ ತೊಳೆದು ಸಿಪ್ಪೆ ತೆಗೆದು ದೊಡ್ಡ ಹೋಳು ಮಾಡಿ. ಎರಡು ಲೀಟರ್ ಕಾಯಿಸಿ ಆರಿಸಿದ ನೀರಿಗೆ 40 ಗ್ರಾಂ ಉಪ್ಪು ಕರಗಿಸಿ. ಗಾಜಿನ ಅಥವಾ ಪಿಂಗಾಣಿ ಭರಣಿಯಲ್ಲಿ ಹೋಳು ತುಂಬಿ, ನೀರು ಸುರಿದು, ಹೋಳುಗಳು ಮೇಲೆ ತೇಲದ ಹಾಗೆ ಒಂದು ತಟ್ಟೆ ಒತ್ತಿಡಿ. ಬಾಯಿಗೆ ಬಟ್ಟೆ ಕಟ್ಟಿ. ಮೈಸೂರಿನ ಬಿಸಿಲಿಗೆ ನಾಲ್ಕೈದು ದಿನದಲ್ಲಿ ಹುಳಿ ಹಿಡಿಯುತ್ತದೆ. ಮೇಲೆ ಬಿಳಿ ನೊರೆ ಬಂದರೆ ತೆಗೆದರಾಯಿತು. ಉಣ್ಣೆಯಂಥ ಬೂಷ್ಟು ಬಂದರೆ ಪೂರ್ತಿ ಚೆಲ್ಲಿಬಿಡಿ, ಉಳಿಸಿಕೊಳ್ಳೋಕೆ ಹೋಗಬೇಡಿ. ಸೋಸಿ ಫ್ರಿಜ್‌ನಲ್ಲಿಡಿ. ಬೋರ್ಶ್ ಇನ್ನೇನು ಇಳಿಸಬೇಕು ಅನ್ನುವಾಗ ಎರಡು ಲೋಟ ಸುರಿದು, ಒಂದು ಕುದಿ ಬಂದ ತಕ್ಷಣ ಆರಿಸಿ. ಆಗ ಬರುವ ಕೆಂಪು ವಿನೆಗರ್‌ನಿಂದ ಬರೋದಿಲ್ಲ. ಕ್ವಾಸ್‌ನಲ್ಲೇ ಉಪ್ಪಿದೆ, ಸಾರಕ್ಕೆ ಉಪ್ಪು ಕಡಿಮೆ ಹಾಕಿರಬೇಕು.

ಮಾಂಸ ತಿನ್ನದವರು ಇದನ್ನು ಓದುತ್ತಾ ಬೇಸರ ಪಡಬೇಡಿ. ಮಾಂಸವಿಲ್ಲದ ಬೋರ್ಶ್ ಅಲ್ಲಿಯದೇ ಹಳೆಯ ಪದ್ಧತಿ. ಈಸ್ಟರ್‌ಗೆ ಮುಂಚಿನ ಉಪವಾಸದ ವಾರಗಳಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ, ಕಾಳು ಮತ್ತು ಒಣ ಅಣಬೆಯ ಸಾರದಲ್ಲೇ ಬೋರ್ಶ್. ಕ್ರಿಸ್‌ಮಸ್ ಹಿಂದಿನ ರಾತ್ರಿಯ ಹನ್ನೆರಡು ಬಗೆಯ ಊಟದಲ್ಲೂ ಇದೇ, ಒಳಗೆ ಅಣಬೆ ತುಂಬಿದ ಸಣ್ಣ ಕಡುಬಿನ ಜೊತೆ. ನಾನು ಶನಿವಾರ ಮಾಡೋದು ಇದನ್ನೇ. ಒಣ ಅಣಬೆಯನ್ನು ಬಿಸಿನೀರಿನಲ್ಲಿ ನೆನೆಸಿ, ಆ ನೀರನ್ನೂ ರಾಜ್ಮಾ ಬೆಂದ ಕಟ್ಟನ್ನೂ ಸಾರವಾಗಿ ಬಳಸುತ್ತೇನೆ. ನಿಜ ಹೇಳಬೇಕೆಂದರೆ ಕ್ವಾಸ್ ಹಾಕಿದ ಅಣಬೆ ಬೋರ್ಶ್ ನನಗೆ ಮಾಂಸದ್ದಕ್ಕಿಂತ ಇಷ್ಟ.

ಇದೇ ಸರಿ, ಅದೇ ಸರಿ ಅಂತ ಜಗಳ ಬೇಡ. ಪೊಲ್ತಾವಾದಲ್ಲಿ ಹಿಟ್ಟಿನ ಉಂಡೆ ಬೇಯಿಸಿ ಹಾಕುತ್ತಾರೆ, ಒಡೆಸಾ ಸಮುದ್ರದ ಊರು, ಅಲ್ಲಿ ಮೀನಿನ ಬೋರ್ಶ್ ಇದೆ. 2022ರ ಜುಲೈ 1ರಂದು ಯುನೆಸ್ಕೋ, ಉಕ್ರೇನ್‌ನ ಬೋರ್ಶ್ ಅಡುಗೆ ಪದ್ಧತಿಯನ್ನು ತುರ್ತಾಗಿ ಕಾಪಾಡಬೇಕಾದ ಪರಂಪರೆಗಳ ಪಟ್ಟಿಗೆ ಸೇರಿಸಿತು. ಅದಕ್ಕಾಗಿ ಯೆವ್ಹೆನ್ ಕ್ಲೊಪೊತೆಂಕೊ ಅನ್ನುವ ಬಾಣಸಿಗರು ಯುದ್ಧಕ್ಕೆ ಮುಂಚಿನಿಂದಲೂ ಓಡಾಡಿದ್ದರು. ತುರ್ತು ಯಾಕೆ ಅಂದರೆ, ಮನೆ ಬಿಟ್ಟು ಓಡಿದವರಿಗೆ ಹಿತ್ತಿಲ ಬೀಟ್‌ರೂಟೂ ಇಲ್ಲ, ಪಾತ್ರೆಯ ಸುತ್ತ ಕೂರುವ ಜನರೂ ಇಲ್ಲ. ಬಾಬುಸ್ಯಾ ಮಾತ್ರ ಅದೇ ಫ್ಲ್ಯಾಟಿನಲ್ಲಿದ್ದಾರೆ. ಕರೆಂಟ್ ಇರುವ ಹೊತ್ತು ನೋಡಿ ಫೋನ್ ಮಾಡುತ್ತೇನೆ, ಒಲೆ ಗ್ಯಾಸಿನದ್ದು, ಅಡುಗೆ ನಿಂತಿಲ್ಲ ಅನ್ನುತ್ತಾರೆ.

ಬೀಟ್‌ರೂಟ್ ಬೇಡ ಅನ್ನುವವರಿಗೆ ಹಸಿರು ಬೋರ್ಶ್ ಇದೆ. ಅಲ್ಲಿ ವಸಂತದಲ್ಲಿ ಸಾರೆಲ್ ಅನ್ನುವ ಹುಳಿ ಸೊಪ್ಪಿನಿಂದ ಮಾಡುತ್ತಾರೆ, ಬಟ್ಟಲಿಗೆ ಬೇಯಿಸಿದ ಮೊಟ್ಟೆ ಹೆಚ್ಚಿ ಹಾಕುತ್ತಾರೆ. ನಾನು ಪುಂಡಿ ಸೊಪ್ಪು ಬಳಸುತ್ತೇನೆ. ಪುಂಡಿ ಸಾರೆಲ್‌ಗಿಂತ ಖಡಕ್ಕು, ಹಾಗಾಗಿ ಅರ್ಧ ಪುಂಡಿ, ಅರ್ಧ ಪಾಲಕ್. ಇಲ್ಲೂ ಆಲೂಗಡ್ಡೆ ಪೂರ್ತಿ ಬೆಂದ ಮೇಲೇ ಸೊಪ್ಪು ಹಾಕಿ, ಎರಡು ಮೂರು ನಿಮಿಷಕ್ಕೆ ಇಳಿಸಿ.