ಸ್ತವಾಂಗರ್‌ನಲ್ಲಿ ಮಗಳ ಕನ್ಫರ್ಮೇಶನ್ ಮಾಡಿದ್ದು: ನನ್ನ ಅನುಭವ

ನಾರ್ವೆಯಲ್ಲಿ ಮಕ್ಕಳು ಒಂಬತ್ತನೇ ಕ್ಲಾಸಿಗೆ ಬಂದ್ರೆ ಸಾಕು, ಯಾರ್ಯಾರು ಕನ್ಫರ್ಮೇಶನ್ (ಚರ್ಚಿನ ನಂಬಿಕೆಯನ್ನ ಮಕ್ಕಳು ತಾವೇ ಒಪ್ಕೊಳ್ಳೋ ಸಮಾರಂಭ) ಮಾಡ್ಕೋತಾರೆ, ಎಲ್ಲಿ, ಯಾವ ಡ್ರೆಸ್ಸು ಅಂತ ಮನೆಮನೆಯಲ್ಲೂ ಅದೇ ಮಾತು. ನಾವು ಮೈಸೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವ್ರು, ಈಗಿರೋದು ಸ್ತವಾಂಗರ್‌ನಲ್ಲಿ, ಹೋದ ವರ್ಷ ಮಗಳದ್ದು ಆಯ್ತು. ಇಲ್ಲಿರೋ ನಮ್ಮವ್ರು ಕೆಲವರು ಹೇಗೆ ಮಾಡಿದ್ರಿ ಅಂತ ಕೇಳ್ತಿದಾರೆ, ಅದಕ್ಕೆ ಬರೀತಿದೀನಿ.

ಮೊದಲು ಮಗೂನ ಕೇಳಿ. 15 ತುಂಬಿದ ಮೇಲೆ ಯಾವ ಧರ್ಮದ ಸಂಸ್ಥೆಗೆ ಸೇರ್ಬೇಕು ಯಾವುದನ್ನ ಬಿಡ್ಬೇಕು ಅಂತ ಮಕ್ಕಳೇ ತೀರ್ಮಾನ ಮಾಡಬಹುದು, ಇಲ್ಲಿ ಕಾನೂನೇ ಹಾಗಿದೆ. ಅವಳ ಫ್ರೆಂಡ್ಸಲ್ಲಿ ಕೆಲವರು ಹ್ಯೂಮನಿಸ್ಟ್ ಕನ್ಫರ್ಮೇಶನ್ ತಗೊಂಡ್ರು, 1951ರಿಂದ ನಡ್ಕೊಂಡು ಬಂದಿರೋದು, ಚರ್ಚಿಗೂ ಅದಕ್ಕೂ ಸಂಬಂಧ ಇಲ್ಲ, ಇನ್ನು ಕೆಲವರು ಏನೂ ಬೇಡ ಅಂದ್ರು. ಅಜ್ಜಿಗೆ ಬೇಜಾರಾಗತ್ತೆ ಅಂತೆಲ್ಲ ಹೇಳಿ ಒಪ್ಪಿಸೋದು ನನಗೆ ಇಷ್ಟ ಇರ್ಲಿಲ್ಲ. ಕೊನೆಗೆ ಅವಳೇ "ಅಮ್ಮಾ, ಚರ್ಚಲ್ಲೇ ಮಾಡ್ಕೋತೀನಿ" ಅಂದ್ಲು.

ಹಿಂದೆ ಇಲ್ಲಿ ಈ ಕೇಳೋದು ಗೀಳೋದು ಇರ್ಲಿಲ್ಲ. ಡೆನ್ಮಾರ್ಕ್ ನಾರ್ವೆ ಎರಡಕ್ಕೂ ಒಬ್ಬನೇ ರಾಜ ಇದ್ದ ಕಾಲ, 1736ರಲ್ಲಿ ಆರನೇ ಕ್ರಿಶ್ಚಿಯನ್ ಅನ್ನೋ ರಾಜ ಇದನ್ನ ಎಲ್ಲರಿಗೂ ಕಡ್ಡಾಯ ಮಾಡ್ಬಿಟ್ಟ, ಕನ್ಫರ್ಮೇಶನ್ ಆಗದೇ ಮದುವೆ ಇಲ್ಲ, ಕ್ಯಾಟೆಕಿಸಂ (ಧರ್ಮದ ಪಾಠದ ಪುಸ್ತಕ) ಓದೋಕೆ ಅಕ್ಷರ ಬೇಕಲ್ಲ ಅಂತ 1739ರಲ್ಲಿ ಹಳ್ಳಿ ಮಕ್ಕಳಿಗೂ ಸ್ಕೂಲಿನ ಕಾನೂನು ಬಂತು. ನಾರ್ವೆಯಲ್ಲಿ ಆ ಕಡ್ಡಾಯ ಹೋಗಿದ್ದು 1912ರಲ್ಲಿ. ಚರ್ಚ್ ಕಡೆ ಅಷ್ಟಾಗಿ ಹೋಗದ ಮನೆಗಳಲ್ಲೂ ಇದು ಮದುವೆಯಷ್ಟೇ ದೊಡ್ಡ ಸಮಾರಂಭ ಆಗಿರೋದು ಇದರಿಂದಾನೇ ಅನ್ಸತ್ತೆ.

ದೀಕ್ಷಾಸ್ನಾನ ಆಗಿರ್ಬೇಕು, ಆಗಿಲ್ಲ ಅಂದ್ರೆ ಕನ್ಫರ್ಮೇಶನ್‌ಗೆ ಮುಂಚೆ ಮಾಡಿಸ್ತಾರೆ. ಮಗಳದ್ದು ಮೈಸೂರಲ್ಲೇ ಆಗಿತ್ತು, ಸಭೆಯಿಂದ ತಂದ ಸರ್ಟಿಫಿಕೇಟ್ ಕೊಟ್ವಿ, ತಕರಾರಿಲ್ಲದೆ ಒಪ್ಕೊಂಡ್ರು. ಆಮೇಲೆ ತಿಂಗಳುಗಟ್ಟಲೆ ಕ್ಲಾಸು, ಆರಾಧನೆ, ಒಂದು ಕ್ಯಾಂಪು. ನಮ್ಮೂರಲ್ಲಿ ಹತ್ತು ಆಜ್ಞೆ, ವಿಶ್ವಾಸ ಪ್ರಮಾಣ ಬಾಯಿಪಾಠ ಒಪ್ಪಿಸಿದ್ದು ನನಗಿನ್ನೂ ನೆನಪಿದೆ, ಇವಳ ಕ್ಲಾಸಲ್ಲಿ ಚರ್ಚೆ ಜಾಸ್ತಿ, ಸಾವಿನ ಬಗ್ಗೆ, ಅನುಮಾನದ ಬಗ್ಗೆ, ನನಗದು ತುಂಬಾ ಹಿಡಿಸ್ತು. ಈಸ್ಟರ್‌ಗೆ ಮುಂಚೆ ಡಬ್ಬಿ ಹಿಡ್ಕೊಂಡು ಮನೆಮನೆಗೆ ಹೋಗಿ ಚರ್ಚಿನ ನೆರವು ಸಂಸ್ಥೆಗೆ ದುಡ್ಡು ಎತ್ತೋದೂ ಇದರಲ್ಲೇ ಸೇರಿದೆ, ಚಿಲ್ಲರೆ ಯಾರ ಹತ್ರನೂ ಇರಲ್ಲ, ಎಲ್ಲರೂ ಮೊಬೈಲ್ ತೆಗೆದು ವಿಪ್ಸ್ ಅನ್ನೋ ಆ್ಯಪಲ್ಲಿ ದುಡ್ಡು ಕಳಿಸ್ತಾರೆ. ಸಂಕೋಚದ ಹುಡುಗಿ ನನ್ನ ಮಗಳು, ಗೊತ್ತಿಲ್ಲದ ಮನೆ ಬೆಲ್ ಒತ್ತಿ ನಿಂತು ಮಾತಾಡೋದು ಕಲ್ತಿದ್ದೇ ಅಲ್ಲಿ.

ಡ್ರೆಸ್ ವಿಷಯ. ಇಲ್ಲಿ ಹುಡುಗೀರು ಬುನಾಡ್ ಅನ್ನೋ ನಾರ್ವೆಯ ಸಾಂಪ್ರದಾಯಿಕ ಉಡುಪು ಹಾಕ್ತಾರೆ, ಕೈಕಸೂತಿ, ಬೆಳ್ಳಿ ಬ್ರೋಚು ಎಲ್ಲ ಸೇರಿ ಹತ್ತಾರು ಸಾವಿರ ಕ್ರೋನರ್. ಇವಳು ಅಜ್ಜಿಯ ಮೈಸೂರು ಸಿಲ್ಕ್ ಉಡ್ತೀನಿ ಅಂದ್ಲು. ಚರ್ಚಲ್ಲಿ ಎಲ್ಲರಿಗೂ ಮೇಲೊಂದು ಬಿಳಿ ನಿಲುವಂಗಿ ಕೊಡ್ತಾರೆ, ಅದರೊಳಗೆ ಸೆರಗಿನ ನೆರಿಗೆ ಭುಜದ ಹತ್ರ ಉಬ್ಕೊಂಡು ಕಾಣತ್ತೆ, ಅದಕ್ಕೆ ನೆರಿಗೆ ಸಣ್ಣದಾಗಿ ಹಿಡಿದು ಪಿನ್ ಹಾಕಿ ಉಳಿದ ಸೆರಗನ್ನ ಸೊಂಟ ಸುತ್ತಿಸಿ ಸಿಗಿಸ್ದೆ, ಕೆಳಗಡೆ ಜರಿ ಅಂಚು ಮಾತ್ರ ಕಾಣೋ ಹಾಗೆ. ನಮ್ಮಲ್ಲಿ ಬಿಷಪ್ ಅಯ್ಯನವರು ಬಂದು ತಲೆ ಮೇಲೆ ಕೈಯಿಡ್ತಾರೆ, ಇಲ್ಲಿ ಆ ಸಭೆಯ ಪಾದ್ರಿನೇ. ಒಬ್ಬೊಬ್ಬರ ಹೆಸರು ಹೇಳಿ ಪ್ರಾರ್ಥನೆ ಮಾಡಿದ್ರು, ನಮ್ಮತ್ತೆಗೆ ಭಾಷೆ ಬರಲ್ಲ, ಮೊಮ್ಮಗಳ ಹೆಸರು ಬಂದ ತಕ್ಷಣ ಕೈ ಮುಗಿದ್ರು.

ಪಾರ್ಟಿಯಲ್ಲಿ ಊಟಕ್ಕಿಂತ ಮುಖ್ಯ ಭಾಷಣ. ಅಪ್ಪ ಅಮ್ಮ ಎದ್ದು ನಿಂತು ಮಗು ಎಂಥದ್ದು, ಅದರಲ್ಲಿ ತಮಗೇನಿಷ್ಟ ಅಂತ ಎಲ್ಲರೆದುರು ಮಗೂಗೇ ಹೇಳ್ಬೇಕು. ಮಕ್ಕಳನ್ನ ಎದುರಿಗೇ ಹೊಗಳಿದ್ರೆ ದೃಷ್ಟಿಯಾಗತ್ತೆ ಅನ್ನೋ ಮನೇಲಿ ಬೆಳೆದವಳು ನಾನು, ಆದ್ರೂ ಹೇಳ್ದೆ, ಅರ್ಧ ನಾರ್ವೇಜಿಯನ್ ಅರ್ಧ ಕನ್ನಡ, ನೀವೂ ಇದೊಂದನ್ನ ಬಿಡ್ಬೇಡಿ. ನೆಂಟರು ಗೊತ್ತಿರೋ ರಾಗಕ್ಕೆ ಮಗು ಮೇಲೆ ಹಾಡು ಕಟ್ಟಿ ಹಾಡೋ ಪದ್ಧತಿನೂ ಇದೆ, ನಮ್ಮ ಪಕ್ಕದ ಮನೆಯವ್ರು ಅದನ್ನ ಮಾಡಿದ್ರು.

ಮೇ ತಿಂಗಳ ವೀಕೆಂಡಿಗೆ ಹಾಲ್ ಸಿಗೋದು ಕಷ್ಟ, ಒಂದು ವರ್ಷ ಮುಂಚೆನೇ ಬುಕ್ ಮಾಡಿ. ಗಿಫ್ಟ್ ಅಂದ್ರೆ ಹೆಚ್ಚಾಗಿ ದುಡ್ಡೇ, ಅದು ಮಗೂದು, ಅವಳ ಅಕೌಂಟಿಗೇ ಹಾಕಿ, ಕೊಟ್ಟವರಿಗೆಲ್ಲ ಅವಳ ಕೈಯಲ್ಲೇ ಥ್ಯಾಂಕ್ಯೂ ಕಾರ್ಡ್ ಬರೆಸಿ.