ಬೈತಲೆಯ ಬಿಳಿ ಗೆರೆ: ಕಪ್ಪು ಕೂದಲಿನ ನರೆಯನ್ನು ಕಡಿಮೆ ಕೆಲಸದಲ್ಲಿ ನಿಭಾಯಿಸುವ ಬಗೆ

ಕಪ್ಪು ಕೂದಲಿಗೆ ಬಣ್ಣ ಹಾಕುವವರನ್ನು ನರೆಗಿಂತ ಹೆಚ್ಚಾಗಿ ಕಾಡುವುದು ಬಣ್ಣ ಹಾಕಿದ ಮೂರನೆಯ ವಾರಕ್ಕೆ ಬೈತಲೆಯ ಉದ್ದಕ್ಕೂ ಮೂಡುವ ಬಿಳಿ ಗೆರೆ. ತಲೆಗೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಷ್ಟು, ಕೆಲವರಲ್ಲಿ ತುಸು ಹೆಚ್ಚು, ಬೆಳೆಯುತ್ತದೆ. ಅಂದರೆ ಇಪ್ಪತ್ತು ದಿನ ಕಳೆಯುವಷ್ಟರಲ್ಲಿ ಬುಡದಲ್ಲಿ 6–7 ಮಿಲಿಮೀಟರಿನಷ್ಟು ಬಣ್ಣವಿಲ್ಲದ ಕೂದಲು ಹೊರಬಂದಿರುತ್ತದೆ. ತಿಳಿಗಂದು ಕೂದಲಿನಲ್ಲಿ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಕಾಡಿಗೆಗಪ್ಪಿನ ಪಕ್ಕದಲ್ಲಿ ಮಾತ್ರ ಸುಣ್ಣದಲ್ಲಿ ಗೆರೆ ಎಳೆದ ಹಾಗೆ ಎದ್ದು ಕಾಣುತ್ತದೆ. ಬಣ್ಣ ಎಷ್ಟು ಗಾಢವೋ ಗೆರೆ ಅಷ್ಟು ಸ್ಪಷ್ಟ, ಗೆರೆ ಎಷ್ಟು ಸ್ಪಷ್ಟವೋ ಮತ್ತೆ ಬಣ್ಣ ಕಲಸುವ ದಿನ ಅಷ್ಟು ಹತ್ತಿರ. ಆದ್ದರಿಂದ ಈ ಕೆಲಸವನ್ನು ಕಡಿಮೆ ಮಾಡಿಕೊಳ್ಳಬೇಕೆನ್ನುವವರು ಒಂದು ಬಿಳಿ ಎಳೆಯೂ ಉಳಿಯಬಾರದೆಂಬ ಹಟವನ್ನು ಬಿಟ್ಟು, ಕಪ್ಪು ಬಿಳುಪುಗಳ ನಡುವಿನ ಗಡಿಯನ್ನು ಮಸುಕು ಮಾಡುವ ಕಡೆಗೆ ಗಮನ ಕೊಡಬೇಕು.

ಮೊದಲ ಕೆಲಸವೆಂದರೆ ತಲೆಯಲ್ಲಿ ನರೆ ಎಷ್ಟಿದೆ, ಎಲ್ಲೆಲ್ಲಿದೆ ಎಂದು ನೋಡಿಕೊಳ್ಳುವುದು. ಎಣ್ಣೆ ಹಚ್ಚಿದ ಕೂದಲಿನಲ್ಲಿ ಬಿಳಿ ಎಳೆಗಳು ಅಡಗಿಬಿಡುವುದರಿಂದ, ತಲೆಸ್ನಾನ ಮಾಡಿ ಕೂದಲು ಪೂರ್ತಿ ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಬೇಕು; ಬಚ್ಚಲುಮನೆಯ ದೀಪದ ಬೆಳಕನ್ನು ನಂಬಬಾರದು. ಗೋಡೆಯ ಕನ್ನಡಿಗೆ ಬೆನ್ನು ಮಾಡಿ ನಿಂತು ಕೈಗನ್ನಡಿಯಲ್ಲಿ ಹಿಂದಲೆಯನ್ನು ನೋಡಿಕೊಂಡರೆ, ಬಹಳ ಮಂದಿಗೆ ಅಲ್ಲಿ ನರೆ ಇನ್ನೂ ಕಡಿಮೆ ಇರುವುದು, ಹಣೆಯ ಇಕ್ಕೆಲ ಮತ್ತು ಬೈತಲೆಯ ಮುಂಭಾಗದಲ್ಲಿ ಮಾತ್ರ ಅದು ಗುಂಪುಗೂಡಿರುವುದು ತಿಳಿಯುತ್ತದೆ. ಹಾಗಿದ್ದರೆ ಇಡೀ ತಲೆಗೆ ಬಣ್ಣ ಹಚ್ಚುವ ಅಗತ್ಯವೇ ಇಲ್ಲ, ಮುಂದಿನ ನಾಲ್ಕು ಬೆರಳಗಲದ ಜಾಗ ಸಾಕು. ಇಷ್ಟು ನೋಡಿಕೊಳ್ಳದೆ ವರ್ಷಾನುಗಟ್ಟಲೆ ಕಪ್ಪು ಕೂದಲಿಗೇ ಕಪ್ಪು ಬಳಿಯುತ್ತಿರುವವರನ್ನು ನಾನು ಕಂಡಿದ್ದೇನೆ.

ಕೂದಲಿಗೆ ಬಣ್ಣ ಕೊಡುವ ಮೆಲನಿನ್ ತಯಾರಾಗುವುದು ಚರ್ಮದೊಳಗಿನ ಬುಡದಲ್ಲಿ. ಹೊರಗೆ ಬಂದ ಎಳೆ ನಿರ್ಜೀವ ವಸ್ತು. ಬಿಳಿಯಾಗಿ ಹೊರಬಂದ ಎಳೆಯನ್ನು ಗರುಗದ ಸೊಪ್ಪಿನ ಎಣ್ಣೆಯಾಗಲಿ, ಕರಿಬೇವು ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯಾಗಲಿ ಮತ್ತೆ ಕಪ್ಪಾಗಿಸಲಾರವು. ಅವು ಹೊಳಪು, ನಯ ಕೊಡುತ್ತವೆ, ಅದಕ್ಕಾಗಿಯೇ ಹಚ್ಚಿಕೊಂಡರೆ ಸಾಕು. ಒಂದು ಬಿಳಿ ಕೂದಲು ಕಿತ್ತರೆ ಹತ್ತು ಹುಟ್ಟುತ್ತವೆ ಎಂಬ ಮಾತೂ ನಿಜವಲ್ಲ. ಆದರೆ ಕಿತ್ತ ಜಾಗದಲ್ಲಿ ಮತ್ತೆ ಬರುವುದು ಬಿಳಿಯ ಎಳೆಯೇ, ಪದೇ ಪದೇ ಕಿತ್ತರೆ ಬುಡವೇ ಹಾಳಾಗಿ ಆ ಜಾಗ ಬೋಳಾಗಬಹುದು. ಒಂದೆರಡು ಎಳೆ ನೆಟ್ಟಗೆ ನಿಂತು ಕಾಟ ಕೊಡುತ್ತಿದ್ದರೆ ಸಣ್ಣ ಕತ್ತರಿಯಿಂದ ಬುಡದ ಹತ್ತಿರ ಕತ್ತರಿಸುವುದು ವಾಸಿ. ಇಪ್ಪತ್ತೈದು ವರ್ಷಕ್ಕೂ ಮೊದಲೇ ನರೆ ಬಂದರೆ, ಅಂದರೆ ಬಾಲನರೆಯಾದರೆ, ಬಹುಮಟ್ಟಿಗೆ ಅದು ವಂಶಪಾರಂಪರ್ಯದಿಂದ ಬಂದದ್ದೇ ಆದರೂ, ವಿಟಮಿನ್ ಬಿ12 ಕೊರತೆ ಮತ್ತು ಥೈರಾಯ್ಡ್ ತೊಂದರೆ ಇದೆಯೇ ಎಂದು ಒಮ್ಮೆ ರಕ್ತಪರೀಕ್ಷೆ ಮಾಡಿಸಿ ನೋಡುವುದು ಒಳ್ಳೆಯದು.

ನರೆ ಕಾಲುಭಾಗಕ್ಕಿಂತ ಕಡಿಮೆ ಇದ್ದರೆ ಬಣ್ಣದ ಡಬ್ಬಿಯನ್ನು ಮುಟ್ಟುವ ಮೊದಲು ಬೈತಲೆಯನ್ನು ಬದಲಿಸಿ ನೋಡಬೇಕು. ಹತ್ತಾರು ವರ್ಷ ಒಂದೇ ಜಾಗದಲ್ಲಿ ನೇರವಾಗಿ ತೆಗೆದ ಬೈತಲೆ ನರೆಗೆ ಚೌಕಟ್ಟು ಹಾಕಿ ತೋರಿಸಿದಂತಿರುತ್ತದೆ. ಅದನ್ನು ಎರಡು ಬೆರಳಷ್ಟು ಪಕ್ಕಕ್ಕೆ ಸರಿಸಿದರೆ, ಅಥವಾ ಬಾಚಣಿಗೆಯ ಮೊನೆಯಿಂದ ತುಸು ಅಂಕುಡೊಂಕಾಗಿ ತೆಗೆದರೆ, ಅರ್ಧದಷ್ಟು ಬಿಳಿ ಎಳೆಗಳು ಕಪ್ಪಿನ ಕೆಳಗೆ ಮರೆಯಾಗುತ್ತವೆ. ಗೃಹಪ್ರವೇಶವೋ ಮದುವೆಯೋ ಬಂದ ದಿನಕ್ಕೆಂದು ಬುಡಕ್ಕೆ ಒತ್ತುವ ಪುಡಿ, ಕೂದಲಿನ ಮಸ್ಕಾರಾ, ಸ್ಪ್ರೇ ಸಿಗುತ್ತವೆ. ತಲೆಗೆ ನೀರು ಹಾಕಿಕೊಂಡರೆ ಇವು ಹೋಗುತ್ತವೆ. ಇವುಗಳಲ್ಲಿ ಪುಡಿ ನನಗೆ ಹೆಚ್ಚು ಹಿಡಿಸಿದೆ. ಸ್ಪ್ರೇ ಹೊಡೆದಾಗ ಹಣೆಗೂ ಸೀರೆಯ ಸೆರಗಿಗೂ ಸಿಡಿಯುತ್ತದೆ, ಬೇಸಿಗೆಯ ಮಧ್ಯಾಹ್ನ ಬೆವರಿನೊಡನೆ ಕಿವಿಯ ಪಕ್ಕ ಇಳಿಯುವುದೂ ಉಂಟು.

ನರೆ ಇನ್ನೂ ಸ್ವಲ್ಪ ಹೆಚ್ಚಾದವರಿಗೆ ನಮ್ಮ ಮನೆಗಳಲ್ಲಿ ಮೊದಲಿನಿಂದ ಇರುವ ದಾರಿ ಮದರಂಗಿ. ಇದರ ಎಲೆಯಲ್ಲಿರುವ ಲಾಸೋನ್ ಎಂಬ ಬಣ್ಣದ ಅಂಶ ಕೂದಲಿನ ಕೆರಾಟಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಆದರೆ ಕೂದಲಿನೊಳಗಿನ ಕಪ್ಪನ್ನು ತೆಗೆಯುವುದಿಲ್ಲ. ಹೀಗಾಗಿ ಕಪ್ಪು ಎಳೆಗಳು ಬಹುತೇಕ ಕಪ್ಪಾಗಿಯೇ ಉಳಿದು, ಬಿಳಿ ಎಳೆಗಳು ಮಾತ್ರ ಕಿತ್ತಳೆಗೆಂಪಾಗುತ್ತವೆ. ನರೆ ಅಲ್ಲಲ್ಲಿ ಚದುರಿದ್ದರೆ ಆ ಕೆಂಪು ಎಳೆಗಳು ಕಪ್ಪಿನ ನಡುವೆ ಬೇಕೆಂದೇ ಹಾಕಿಸಿಕೊಂಡ ಬಣ್ಣದಂತೆ ತೋರುತ್ತವೆ. ಬುಡದಲ್ಲಿ ಬಿಳಿ ಮೂಡಿದರೂ ಗಡಿ ಅಷ್ಟು ಕಟುವಾಗಿರುವುದಿಲ್ಲ. ಅರ್ಧಕ್ಕಿಂತ ಹೆಚ್ಚು ನರೆತ ತಲೆಗೆ ಬರೀ ಮದರಂಗಿ ಹಚ್ಚಿದರೆ ಮಾತ್ರ ತಲೆಯೇ ಕಿತ್ತಳೆಯಾಗುತ್ತದೆ. ಆ ಬಣ್ಣ ಬೇಡವೆನ್ನುವವರು ಮದರಂಗಿಯ ಜೊತೆಗೆ ನೀಲಿ ಗಿಡದ ಎಲೆಯ ಪುಡಿಯನ್ನು, ಅಂಗಡಿಯಲ್ಲಿ ಇಂಡಿಗೋ ಎಂದು ಮಾರುವುದನ್ನು, ಬಳಸಬೇಕು.

ಕಲಸುವ ಕ್ರಮದಲ್ಲಿ ಅವಸರ ಮಾಡಿದರೆ ಬಣ್ಣ ಹತ್ತುವುದಿಲ್ಲ. ಭುಜದವರೆಗಿನ ಕೂದಲಿಗೆ ಎರಡೂ ಸೇರಿ ಸುಮಾರು 200 ಗ್ರಾಂ ಪುಡಿ ಬೇಕಾಗುತ್ತದೆ, ಬುಡಕ್ಕೆ ಮಾತ್ರವಾದರೆ 50–60 ಗ್ರಾಂ ಸಾಕು. ಗಾಢ ಕಂದು ಬಣ್ಣಕ್ಕೆ ಒಂದು ಪಾಲು ಮದರಂಗಿಗೆ ಎರಡು ಪಾಲು ಇಂಡಿಗೋ ಎಂಬ ಲೆಕ್ಕ. ಮದರಂಗಿ ಪುಡಿಯನ್ನು ಹಿಂದಿನ ರಾತ್ರಿಯೇ ಆರಿದ ಚಹಾ ಡಿಕಾಕ್ಷನ್ನಿನಲ್ಲಿ, ಒಂದೆರಡು ಚಮಚ ನಿಂಬೆರಸ ಸೇರಿಸಿ, ದೋಸೆ ಹಿಟ್ಟಿಗಿಂತ ತುಸು ಗಟ್ಟಿಯಾಗಿ ಕಲಸಿ ಮುಚ್ಚಿಡಬೇಕು. ನಮ್ಮ ಮನೆಯಲ್ಲಿ ಇದಕ್ಕೆಂದೇ ಕಿವಿ ಮುರಿದ ಹಳೆಯ ಕಬ್ಬಿಣದ ಬಾಣಲೆಯೊಂದಿದೆ. ಡಿಕಾಕ್ಷನ್ನಿನ ಒಗರು ಕಬ್ಬಿಣದೊಡನೆ ಸೇರಿ ಬೆಳಿಗ್ಗೆಯ ಹೊತ್ತಿಗೆ ಮೇಲ್ಪದರ ಕಪ್ಪುಗಂದಾಗಿ, ಕೆನೆಗಟ್ಟಿದಂತೆ ಕಾಣುತ್ತದೆ. ಚಮಚದಿಂದ ಕೆದಕಿದರೆ ಒಳಗೆ ಇನ್ನೂ ಹಸಿರು ಇರುತ್ತದೆ, ಅದರಿಂದ ಗಾಬರಿಯಾಗಬೇಕಿಲ್ಲ.

ಇಂಡಿಗೋವನ್ನು ಮಾತ್ರ ರಾತ್ರಿಯೇ ನೆನೆಹಾಕಬಾರದು, ನಿಂಬೆರಸವನ್ನೂ ಅದಕ್ಕೆ ಸೇರಿಸಬಾರದು. ಹಚ್ಚಿಕೊಳ್ಳುವ ಹದಿನೈದು ನಿಮಿಷ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ, ಒಂದು ಚಿಟಿಕೆ ಉಪ್ಪು ಹಾಕಿ ಬೇರೆ ಪಾತ್ರೆಯಲ್ಲಿ ಕಲಸಿಟ್ಟರೆ, ಹಸಿರು ಪುಡಿಯ ಮೇಲ್ಗಡೆ ನೀಲಿಯ ಛಾಯೆ ಹರಡುತ್ತದೆ, ಸೊಪ್ಪು ಬೇಯಿಸಿದ ವಾಸನೆ ಏಳುತ್ತದೆ. ಆಗ ಎರಡನ್ನೂ ಸೇರಿಸಿ, ಕೈಗವಸು ಹಾಕಿಕೊಂಡು, ಎಣ್ಣೆಯಿಲ್ಲದ ಕೂದಲಿನ ಬುಡಕ್ಕೆ ಎಳೆ ಎಳೆಯಾಗಿ ಬಿಡಿಸಿ ಹಚ್ಚಬೇಕು. ತಡಮಾಡಿದರೆ ಇಂಡಿಗೋದ ಸತ್ವ ಇಳಿದುಹೋಗುತ್ತದೆ. ಹಣೆಯ ಅಂಚಿಗೂ ಕಿವಿಗೂ ಮೊದಲೇ ಸ್ವಲ್ಪ ವ್ಯಾಸಲೀನ್ ಸವರಿಕೊಂಡಿದ್ದರೆ ಚರ್ಮಕ್ಕೆ ಬಣ್ಣ ಹತ್ತುವುದಿಲ್ಲ. ಪ್ಲಾಸ್ಟಿಕ್ ಟೋಪಿ ಹಾಕಿಕೊಂಡು ಎರಡು ಗಂಟೆ ಬಿಟ್ಟು ಬರೀ ನೀರಿನಲ್ಲಿ ತೊಳೆಯಬೇಕು, ಎರಡು ದಿನ ಶಾಂಪೂವನ್ನಾಗಲಿ ಸೀಗೇಕಾಯಿಯನ್ನಾಗಲಿ ಮುಟ್ಟಬಾರದು. ತೊಳೆದ ದಿನ ಬಿಳಿ ಎಳೆಗಳು ಹಸಿರು ಮಿಶ್ರಿತ ಕಂದಾಗಿ ಕಂಡು ಎದೆ ಧಸಕ್ಕೆನ್ನುತ್ತದೆ. ಗಾಳಿಯಾಡಿ ಒಂದೆರಡು ದಿನಗಳಲ್ಲಿ ಅದೇ ಬಣ್ಣ ಗಾಢವಾಗುತ್ತದೆ. ಮೊದಲ ಸಲ ಇಡೀ ಕೂದಲಿಗೆ ಹಚ್ಚಿದರೆ, ಮುಂದೆ ಐದಾರು ವಾರಕ್ಕೊಮ್ಮೆ ಬುಡಕ್ಕೆ ಮಾತ್ರ ಹಚ್ಚಿದರೆ ಸಾಕು. ತುದಿಯವರೆಗೆ ಪ್ರತಿ ಸಲವೂ ಹಚ್ಚುತ್ತಾ ಹೋದರೆ ಅಲ್ಲಿ ಬಣ್ಣ ಪದರ ಪದರವಾಗಿ ಕೂತು ಕೂದಲು ಒರಟಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಡಿಸಿ ಹೇಳಬೇಕು. ನಿಜವಾದ ಮದರಂಗಿ ಎಂದಿಗೂ ಕಪ್ಪು ಬಣ್ಣ ಕೊಡುವುದಿಲ್ಲ. ಅರ್ಧ ಗಂಟೆಯಲ್ಲಿ ಕಡುಗಪ್ಪು ಮಾಡುವ ‘ಕಪ್ಪು ಮೆಹಂದಿ’ಯಲ್ಲಿ ಸಾಮಾನ್ಯವಾಗಿ ಪ್ಯಾರಾ ಫಿನಿಲೀನ್ ಡೈಅಮೀನ್ ಎಂಬ ರಾಸಾಯನಿಕ, ಚಿಕ್ಕದಾಗಿ ಪಿಪಿಡಿ, ಇರುತ್ತದೆ. ನಾನೂ ಒಮ್ಮೆ ಪೊಟ್ಟಣದ ಮೇಲಿನ ಎಲೆಯ ಚಿತ್ರವನ್ನು ನಂಬಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದದೆ ಹಚ್ಚಿಕೊಂಡೆ. ರಾತ್ರಿ ಕಿವಿಯ ಹಿಂದೆ ಶುರುವಾದ ನವೆ ಬೆಳಿಗ್ಗೆಯ ಹೊತ್ತಿಗೆ ಕಣ್ಣಿನ ರೆಪ್ಪೆಗಳು ಊದಿ ಮುಚ್ಚಿಕೊಳ್ಳುವ ತನಕ ಹೋಯಿತು, ನಾಲ್ಕು ದಿನ ಮನೆಯಿಂದ ಹೊರಗೆ ಕಾಲಿಡಲಾಗಲಿಲ್ಲ. ಹಲವಾರು ಸಲ ಹಚ್ಚಿ ಏನೂ ಆಗದವರಿಗೂ ಪಿಪಿಡಿಯ ಅಲರ್ಜಿ ಒಮ್ಮೆಲೇ ಕಾಣಿಸಿಕೊಳ್ಳಬಹುದು, ಬಂದ ಮೇಲೆ ಅದು ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ‘ಅಮೋನಿಯಾ ಇಲ್ಲ’ ಎಂದು ಬರೆದ ಡಬ್ಬಿಯಲ್ಲೂ ಪಿಪಿಡಿ ಇರಬಹುದಾದ್ದರಿಂದ ಆ ಬರಹವನ್ನು ಅಭಯವೆಂದು ತಿಳಿಯಬಾರದು. ಬಣ್ಣ ಯಾವುದೇ ಆಗಲಿ, ಪ್ರತಿ ಸಲವೂ ಹಚ್ಚುವ 48 ಗಂಟೆ ಮೊದಲು ಮೊಣಕೈಯ ಒಳಮಡಿಕೆಗೆ ಒಂದು ಚುಕ್ಕೆ ಹಚ್ಚಿ ನೋಡಬೇಕು. ಹುಬ್ಬಿಗೂ ರೆಪ್ಪೆಗೂ ಈ ಬಣ್ಣಗಳನ್ನು ಹಚ್ಚಲೇಬಾರದು. ಪಿಪಿಡಿ ಹೊಟ್ಟೆಗೆ ಹೋದರೆ ಗಂಟಲು ಊದಿ ಉಸಿರುಕಟ್ಟುತ್ತದೆ, ಮೂತ್ರಪಿಂಡಗಳು ಕೆಡುತ್ತವೆ. ಮಕ್ಕಳಿರುವ ಮನೆಯಲ್ಲಿ ಈ ಪೊಟ್ಟಣಗಳು ಬೀಗ ಹಾಕುವ ಕಪಾಟಿನಲ್ಲಿರಬೇಕು.

ಪಾರ್ಲರಿಗೆ ಹೋಗುವವರು ಕೇಳಬೇಕಾದ ಪದಗಳನ್ನು ತಿಳಿದುಕೊಂಡಿದ್ದರೆ ಕೆಲಸ ಅರ್ಧ ಹಗುರವಾಗುತ್ತದೆ, ಏಕೆಂದರೆ ಏನೂ ಹೇಳದಿದ್ದರೆ ಅಲ್ಲಿ ಬಹುಪಾಲು ಪರ್ಮನೆಂಟ್ ಕಪ್ಪನ್ನೇ ಹಾಕುತ್ತಾರೆ. ಕಡಿಮೆ ಕೆಲಸಕ್ಕೆ ಹೊಂದುವುದು ಡೆಮಿ ಪರ್ಮನೆಂಟ್ ಬಣ್ಣ. ಇದು ಬಿಳಿಯನ್ನು ಪೂರ್ತಿ ಮುಚ್ಚದೆ ಅದಕ್ಕೊಂದು ಛಾಯೆ ಕೊಟ್ಟು, ಇಪ್ಪತ್ತಕ್ಕೂ ಹೆಚ್ಚು ತಲೆಸ್ನಾನಗಳಲ್ಲಿ ನಿಧಾನವಾಗಿ ಮಾಸುತ್ತದೆ. ಬುಡದಲ್ಲಿ ಹೊಸ ಬಿಳಿ ಬರುವಷ್ಟರಲ್ಲಿ ಮೇಲಿನ ಬಣ್ಣವೂ ತೆಳುವಾಗಿರುವುದರಿಂದ ಗೆರೆ ಏಳುವುದಿಲ್ಲ. ಛಾಯೆಯ ಅಂಕಿಗಳಲ್ಲಿ 1 ಎಂದರೆ ಕಡುಗಪ್ಪು, 3 ಮತ್ತು 4 ಗಾಢ ಹಾಗೂ ಮಧ್ಯಮ ಕಂದು. ನಿಮ್ಮ ಕೂದಲು ಎಷ್ಟೇ ಕಪ್ಪಾಗಿದ್ದರೂ 3ನ್ನೇ ಕೇಳಿ. ವಯಸ್ಸಾದ ಮುಖದ ಸುತ್ತ 1ನೆಯ ಅಂಕಿಯ ಕಪ್ಪು ನಾಟಕದ ಟೋಪನ್ನಿನಂತೆ ಕಾಣುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಅರ್ಧದಷ್ಟು ನರೆತವರು ಸಣ್ಣ ಸಣ್ಣ ಎಳೆಗಳನ್ನು ಮಾತ್ರ ಆಯ್ದು ಬಣ್ಣ ಬದಲಿಸುವ ಹೈಲೈಟ್ಸ್ ಮಾಡಿಸಿಕೊಂಡರೆ ಮೂರು ನಾಲ್ಕು ತಿಂಗಳು ಮತ್ತೆ ಹೋಗಬೇಕಾಗಿಲ್ಲ. ಖರ್ಚು ಒಂದೇ ಸಲಕ್ಕೆ ಹೆಚ್ಚಾದರೂ ವರ್ಷದ ಲೆಕ್ಕದಲ್ಲಿ ಅದು ಅಷ್ಟೇನೂ ಭಾರವಲ್ಲ. ಮದರಂಗಿ ಅಥವಾ ಇಂಡಿಗೋ ಹಚ್ಚಿದ ಕೂದಲಾದರೆ ಅದನ್ನು ಮುಚ್ಚಿಡದೆ ಹೇಳಿಬಿಡಬೇಕು. ಇಂಡಿಗೋದ ಮೇಲೆ ಬಣ್ಣ ತೆಗೆಯುವ ಬ್ಲೀಚ್ ಬಿದ್ದರೆ ಕೂದಲು ಹಸಿರು ಬಣ್ಣಕ್ಕೆ ತಿರುಗುವ ಸಂಭವವಿದೆ.

ಬಣ್ಣವನ್ನೇ ಬಿಟ್ಟುಬಿಡುವುದು ಎಲ್ಲಕ್ಕಿಂತ ಕಡಿಮೆ ಕೆಲಸದ ದಾರಿ. ಆದರೆ ಅಲ್ಲಿಗೆ ತಲುಪುವ ಹಾದಿ ಉದ್ದವಾದದ್ದು. ವರ್ಷಕ್ಕೆ 12 ಸೆಂಟಿಮೀಟರ್ ಬೆಳವಣಿಗೆ ಎಂದು ಹಿಡಿದರೆ, 30 ಸೆಂಟಿಮೀಟರ್ ಉದ್ದದ ಕೂದಲಿನಿಂದ ಹಳೆಯ ಬಣ್ಣ ಪೂರ್ತಿ ಕತ್ತರಿಸಿ ಹೋಗಲು ಎರಡೂವರೆ ವರ್ಷ ಬೇಕು. ಕುತ್ತಿಗೆಯ ಮೇಲಕ್ಕೆ ಕತ್ತರಿಸಿಕೊಂಡವರಿಗೆ ಒಂದು ವರ್ಷದೊಳಗೆ ಮುಗಿಯುತ್ತದೆ, ಕ್ರಾಪು ಬಿಟ್ಟ ಗಂಡಸರಿಗೆ ನಾಲ್ಕು ತಿಂಗಳು ಸಾಕು. ಕತ್ತರಿಸಲು ಮನಸ್ಸಿಲ್ಲದವರು ಮೊದಲ ಆರು ತಿಂಗಳು ಬಣ್ಣದ ಅಂಕಿಯನ್ನು 3ರಿಂದ 4ಕ್ಕೆ, 4ರಿಂದ 5ಕ್ಕೆ ಏರಿಸುತ್ತಾ, ಬುಡದ ಹತ್ತಿರ ಬಣ್ಣವನ್ನು ತೆಳುವಾಗಿಸುತ್ತಾ ಬಂದರೆ ಗಡಿ ಕರಗುತ್ತದೆ. ಮೂರನೆಯ ತಿಂಗಳಿನಿಂದ ಏಳನೆಯ ತಿಂಗಳಿನವರೆಗೆ ಕೂದಲು ಅತ್ತ ಕಪ್ಪೂ ಅಲ್ಲದೆ ಇತ್ತ ಬಿಳಿಯೂ ಅಲ್ಲದೆ ನಿಲ್ಲುವ ಕಾಲ ಬರುತ್ತದೆ, ‘ಹುಷಾರಿಲ್ಲವೇ?’ ಎಂದು ನೆಂಟರು ವಿಚಾರಿಸುವುದೂ ಅದೇ ಕಾಲದಲ್ಲಿ. ಬಿಟ್ಟವರಲ್ಲಿ ಬಹಳ ಮಂದಿ ಮತ್ತೆ ಡಬ್ಬಿ ಒಡೆಯುವುದು ಇಲ್ಲಿಯೇ, ಆದ್ದರಿಂದ ಮದುವೆ ಮುಂಜಿಗಳ ತಿಂಗಳುಗಳನ್ನು ನೋಡಿಕೊಂಡು ಆರಂಭಿಸುವುದು ಜಾಣತನ.

ಬಿಳಿಯಾದ ಕೂದಲು ಒಣಗಲು, ಬಿರುಸಾಗಲು ಬೇಗ ತೊಡಗುತ್ತದೆ. ಕೊಬ್ಬರಿ ಎಣ್ಣೆಯನ್ನು ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು ಹಚ್ಚಿದರೆ ಅದು ಎಳೆಯೊಳಕ್ಕೆ ಇಳಿದು, ತೊಳೆಯುವಾಗ ಆಗುವ ಸವಕಳಿಯನ್ನು ತಗ್ಗಿಸುತ್ತದೆ. ಬೋರ್‌ವೆಲ್‌ನ ಗಡುಸು ನೀರು, ಬಿಸಿಲು, ಹೊಗೆ ಇವುಗಳಿಂದ ಬಿಳಿ ಕೂದಲು ಹಳದಿಗೆ ತಿರುಗುತ್ತದೆ. ಕೊನೆಯ ಒಂದು ಚೊಂಬು ಮಳೆನೀರಿನದೋ ಫಿಲ್ಟರ್ ನೀರಿನದೋ ಆದರೆ ಒಳಿತು, ಹದಿನೈದು ದಿನಕ್ಕೊಮ್ಮೆ ನೇರಳೆ ಬಣ್ಣದ ಶಾಂಪೂ ಬಳಸಿದರೆ ಹಳದಿ ತಗ್ಗುತ್ತದೆ. ಮೀಸೆ ಗಡ್ಡಗಳಿಗೆ ಬಣ್ಣ ಹಚ್ಚುವ ಗೋಜು ಬೇಡವೆಂದೇ ನಾನು ಹೇಳುತ್ತೇನೆ: ಅಲ್ಲಿನ ಕೂದಲು ಗಿಡ್ಡವಾಗಿರುವುದರಿಂದ ನಾಲ್ಕೇ ದಿನಕ್ಕೆ ಬುಡ ತೋರುತ್ತದೆ, ಚರ್ಮವೂ ಬಾಯಿಯೂ ತೀರ ಹತ್ತಿರದಲ್ಲಿವೆ, ಟ್ರಿಮ್ಮರಿನಿಂದ ಮೂರು ಮಿಲಿಮೀಟರಿಗೆ ಇಳಿಸಿಕೊಂಡರೆ ಕಪ್ಪು ಬಿಳುಪು ಬೆರೆತು ತಾನಾಗಿ ಬೂದು ಬಣ್ಣವಾಗಿ ಕಾಣುತ್ತದೆ.

ಯಾವ ದಾರಿಯನ್ನು ಹಿಡಿದರೂ ಬಣ್ಣದ ಅಂಕಿ, ಪುಡಿಯ ಪಾಲು, ತಲೆಯ ಮೇಲೆ ಬಿಟ್ಟ ಗಂಟೆಗಳು ಮತ್ತು ತಾರೀಖನ್ನು ಕಪಾಟಿನ ಬಾಗಿಲಿನ ಒಳಬದಿಗೆ ಒಂದು ಚೀಟಿಯಲ್ಲಿ ಬರೆದು ಅಂಟಿಸಿರಿ. ಮುಂದಿನ ಸಲ ಅಂಗಡಿಯವರು ‘ಯಾವ ನಂಬರ್?’ ಎಂದು ಕೇಳಿದಾಗ ನೆನಪಿಗೆ ಬರುವುದು ಡಬ್ಬಿಯ ಮೇಲಿನ ಹುಡುಗಿಯ ಮುಖ ಮಾತ್ರ.